ಲಕೋಟೆಯೊಳಗಿನ ವಿಭೂತಿ

ಬಸವೇಶ್ವರನಗರ, ಬೆಂಗಳೂರು
ಕಾರ್ತಿಕದ ಕಡೆಯ ಸೋಮವಾರ, ೧೦ ಡಿಸೆಂಬರ್ ೨೦೦೧

ಪ್ರೀತಿಯ ಮೊಮ್ಮಗಳು ವಚನಾಳಿಗೆ ಅಜ್ಜ ಬರೆಯುವುದು,

ನಿನ್ನ ಆರೋಗ್ಯ ಹೇಗಿದೆ? ಅಲ್ಲಿ ಹಿಮ ಬೀಳತೊಡಗಿದೆಯೆಂದು ನಿನ್ನ ತಾಯಿ ಹೇಳಿದಳು. ಹಿಮ್ಮಡಿ ಒಡೆದು ನಡೆಯುವುದು ಕಷ್ಟವಾಗಿದೆಯೆಂದು ನೀನು ಹಿಂದೆ ಬರೆದಿದ್ದೆ; ಮಲಗುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೋ. ಎಣ್ಣೆ ಶೀಸೆಯಲ್ಲೇ ಹೆಪ್ಪುಗಟ್ಟಿದ್ದರೆ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಡು. ಭಾನುವಾರ ಮಾಡಿದ ಸಾರನ್ನು ಗುರುವಾರದವರೆಗೂ ಉಣ್ಣುವ ಅಭ್ಯಾಸವನ್ನು ದಯವಿಟ್ಟು ಬಿಡು. ನಿನ್ನ ಪ್ರಾಧ್ಯಾಪಕರು ನಿನ್ನ ಹೆಸರನ್ನು ಪೂರ್ತಿಯಾಗಿ ಉಚ್ಚರಿಸಲು ಕಲಿತರೇ, ಇಲ್ಲವೇ ಇನ್ನೂ ‘ವಾಚಿ’ ಎಂದೇ ಕರೆಯುತ್ತಿರುವರೇ? ಇಲ್ಲಿ ನಾನು ಕ್ಷೇಮ. ಈ ಮಾತನ್ನು ಪ್ರತಿ ಪತ್ರದಲ್ಲಿಯೂ ರೂಢಿಯಿಂದ ಬರೆಯುತ್ತಿದ್ದೆ; ಈ ಸಲ ಯೋಚಿಸಿ ಬರೆದಿದ್ದೇನೆ. ದೇಹ ಕ್ಷೇಮ, ಬುದ್ಧಿಯೂ ಕ್ಷೇಮ. ಎರಡನೆಯದನ್ನು ಬರೆದು ತಿಳಿಸಬೇಕಾಗಿ ಬಂದದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು.

ಹೋದ ಗುರುವಾರ ಬೆಳಗ್ಗೆ ಉದ್ಯಾನದಲ್ಲಿ ಗುರುಸಿದ್ದಯ್ಯನವರು ಸಿಕ್ಕಿದರು. ಅವರ ಮಗಳು ಗುರುದೇವಿ ಅಲ್ಲಿ ನಿನ್ನೊಡನೆ ಒಂದೇ ಕೋಣೆಯಲ್ಲಿರುವುದರಿಂದ ನಿಮ್ಮಿಬ್ಬರ ಸುದ್ದಿಯನ್ನು ನಾವು ಅದಲುಬದಲು ಮಾಡಿಕೊಳ್ಳುವುದುಂಟು. ಯಾವಾಗಲೂ ನನ್ನ ಮಾತನ್ನು ನಡುವೆಯೇ ತಡೆದು ವಾದಿಸುವ ಮನುಷ್ಯ ಅಂದು ಕಲ್ಲುಬೆಂಚಿನಲ್ಲಿ ಪಕ್ಕಕ್ಕೆ ಕುಳಿತು, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ, ‘ಮೇಷ್ಟ್ರೇ, ತಿಂಡಿ ಆಯ್ತಾ? ಏನ್ ತಿಂದ್ರಿ ನೆನಪಿದ್ಯಾ?’ ಎಂದು ಕೇಳಿದರು. ಅವರಿಗೇ ಕಿವಿ ಮಂದವಾಗಿದೆಯೆಂದು ಭಾವಿಸಿ ನಾನೂ ಗಟ್ಟಿಯಾಗಿ ಉತ್ತರಿಸಿದೆ. ಇಬ್ಬರು ಮುದುಕರು ಹಾಗೆ ಕೂಗಾಡುವುದನ್ನು ಕಂಡು ನಡಿಗೆಯ ಜನ ನಿಂತು ನೋಡಿದರು. ಹೊರಡುವಾಗ ಅವರು ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದರು. ಕೈ ಬಿಡಿಸಿಕೊಂಡು ಕಾರಣ ಕೇಳಿದಾಗ, ‘ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನಮ್ ಗುರುದೇವಿ ಫೋನಲ್ಲಿ ಎಲ್ಲಾ ಹೇಳಿದ್ಲು. ವಯಸ್ಸಾದ್ಮೇಲೆ ಮರೆವು ಯಾರಿಗ್ ತಾನೆ ಬರಲ್ಲ. ನಿಮ್ ಮೊಮ್ಮಗಳು ಪಾಪ ಎಷ್ಟು ದಿನ ಅಂತ ಮುಚ್ಚಿಡ್ತಾಳೆ’ ಎಂದರು. ಮನೆಗೆ ಬಂದು ನಿನ್ನ ತಂದೆಯನ್ನು ಕೇಳಿದೆ. ಶ್ರೀಶೈಲ ಸುಳ್ಳು ಹೇಳುವುದರಲ್ಲಿ ಚಿಕ್ಕಂದಿನಿಂದಲೂ ದಡ್ಡ. ಹತ್ತು ಹನ್ನೆರಡು ದಿನಗಳಿಂದ ಅವನಿಗೂ ನಿನ್ನ ತಾಯಿ ಕಲಾವತಿಗೂ ತಿಳಿದಿದ್ದು, ನನಗೊಬ್ಬನಿಗೆ ತಿಳಿಯದಿದ್ದ ಸಂಗತಿಯನ್ನು ಅಂದು ಪೂರ್ತಿಯಾಗಿ ಹೇಳಿದ.

ನೀನು ಧಾರವಾಡದಲ್ಲಿ ಕೃಷಿ ಪದವಿಗೆ ಸೇರಿದ ದಿನದಿಂದ ನಾನು ನಿನಗೆ ಸೋಮವಾರದ ಲಿಂಗಪೂಜೆ ಮುಗಿಸಿಕೊಂಡೇ ಪತ್ರ ಬರೆಯುತ್ತ ಬಂದಿದ್ದೇನೆ, ಚಿಟಿಕೆ ವಿಭೂತಿಯನ್ನು ಕಾಗದದಲ್ಲಿ ಮಡಿಚಿ ಜೊತೆಗಿಟ್ಟಿದ್ದೇನೆ. ಹಣೆಗೆ ಹಚ್ಚಿಕೊಂಡು ಅನಂತರ ಓದಲಿ ಎಂಬುದು ನಿನ್ನ ಅಜ್ಜಿ ಹಾಕಿಕೊಟ್ಟ ಕ್ರಮ. ಅವಳು ಹೋದ ಮೇಲೂ ನಾನು ತಪ್ಪಿಸಲಿಲ್ಲ. ಈಗಿರುವ ಪರದೇಶದ ವಸತಿಗೃಹದಲ್ಲಿ ಅಂಚೆ ಕಳೆದುಹೋಗುತ್ತಿದೆ, ವಿಭಾಗದ ವಿಳಾಸಕ್ಕೇ ಬರೆಯಿರಿ ಎಂದು ನೀನು ತಿಳಿಸಿದ್ದರಿಂದ ದೀಪಾವಳಿಯ ಪತ್ರವನ್ನು ಅಲ್ಲಿಗೆ ಕಳುಹಿಸಿದೆ. ಆ ದೇಶದಲ್ಲಿ ಯಾರೋ ದುರುಳರು ರೋಗದ ಬಿಳಿಯ ಪುಡಿಯನ್ನು ಲಕೋಟೆಗಳಲ್ಲಿ ತುಂಬಿ ಕಳುಹಿಸಿ ಜನರನ್ನು ಕೊಲ್ಲುತ್ತಿರುವುದನ್ನು ದಿನಪತ್ರಿಕೆಯಲ್ಲಿ ನಾನೂ ಓದಿದ್ದೆ. ಓದಿ, ಪತ್ರಿಕೆ ಮಡಿಚಿಟ್ಟು, ಕೈ ತೊಳೆದು, ಪೂಜೆಗೆ ಕುಳಿತು, ನಿನ್ನ ಲಕೋಟೆಗೆ ವಿಭೂತಿ ಹಾಕಿದೆ. ಅದೂ ಬಿಳಿಯ ಪುಡಿಯೆಂಬುದು ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ವಿಭೂತಿಯನ್ನು ಯಾರೂ ಎಂದೂ ಪುಡಿಯೆಂದು ಕಂಡವರಲ್ಲ.

ಕಚೇರಿಯ ಹೆಂಗಸು ಲಕೋಟೆಯನ್ನೆತ್ತಿದಾಗ ಅದರ ಮೂಲೆ ಹರಿದಿದ್ದು, ಅವಳ ಅಂಗೈ ಮೇಲೆ ವಿಭೂತಿ ಉದುರಿತಂತೆ. ಸಸ್ಯರೋಗಗಳನ್ನು ಅಭ್ಯಸಿಸುವ ವಿಭಾಗವೆಂದ ಮೇಲೆ ಅನುಮಾನಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ಕಟ್ಟಡವನ್ನೆಲ್ಲ ಬರಿದು ಮಾಡಿದರಂತೆ; ಮುಖಗವಸು ತೊಟ್ಟ ಗಂಡಸರು ನಿಮ್ಮನ್ನು ಚಳಿಯಲ್ಲಿ ಸಾಲಾಗಿ ನಿಲ್ಲಿಸಿ, ತೊಟ್ಟ ಬಟ್ಟೆಗಳನ್ನು ಚೀಲಕ್ಕೆ ತುಂಬಿಸಿಕೊಂಡು, ಒಬ್ಬೊಬ್ಬರಿಗೂ ನೀರು ಹೊಯ್ದರಂತೆ. ನಿನ್ನ ಕೊರಳಿನ ಲಿಂಗವನ್ನೂ ಕರಡಿಗೆಯ ಸಮೇತ ಬಿಚ್ಚಿಸಿಕೊಂಡು ಅದೇ ಚೀಲಕ್ಕೆ ಹಾಕಿದರೆಂದು ಕಲಾವತಿ ಹೇಳಿದಾಗ ನಾನು ಎದ್ದು ಹಿತ್ತಿಲಿಗೆ ಹೋದೆ. ಮಗೂ, ಆ ಹೊತ್ತಿನ ನಿನ್ನ ಹೆದರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಿನಗೆ ಒದಗಿದ ಆ ಅವಮಾನಕ್ಕೆ ಕಾರಣ ನಾನೇ. ನಿನ್ನಿಂದ ಎಷ್ಟು ಕಠಿಣ ಮಾತು ಬಂದಿದ್ದರೂ ತಲೆಬಾಗಿ ಕೇಳುತ್ತಿದ್ದೆ. ಆದರೆ ನೀನು ನನ್ನನ್ನು ಬೈಯಲಿಲ್ಲ. ಕಳುಹಿಸಿದವರು ಯಾರೆಂದು ಅಧಿಕಾರಿಗಳು ಕೇಳಿದಾಗ, ‘ನನ್ನ ಅಜ್ಜ, ಅವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ತಾವೇನು ಮಾಡುತ್ತಿದ್ದೇವೆಂಬುದು ಅವರಿಗೆ ತಿಳಿಯುವುದಿಲ್ಲ’ ಎಂದು ಹೇಳಿ ಬರೆಸಿದೆ. ವಿಭೂತಿ ಎಂದರೇನೆಂದು ವಿವರಿಸುವುದಕ್ಕಿಂತ ಅದು ಸುಲಭವಾಗಿ ತೋರಿರಬೇಕು. ಎರಡು ದಿನಗಳ ಮೇಲೆ ಅದು ಬರಿಯ ಬೂದಿಯೆಂದು ಪರೀಕ್ಷೆಯಲ್ಲಿ ತಿಳಿದುಬಂತು, ಲಿಂಗವನ್ನೂ ನಿನಗೆ ಹಿಂದಿರುಗಿಸಿದರು. ನಿನ್ನ ಹೇಳಿಕೆ ಮಾತ್ರ ಅಲ್ಲಿಯೇ ಉಳಿಯಿತು. ಹೊಸ ವರ್ಷದ ರಜೆ ಮುಗಿದ ಮೇಲೆ ವಿಶ್ವವಿದ್ಯಾಲಯದ ಸಮಿತಿ ನಿನ್ನನ್ನು ವಿಚಾರಿಸಲಿದೆ; ಅಷ್ಟರೊಳಗೆ ನನ್ನ ಬುದ್ಧಿ ಕೆಟ್ಟಿರುವುದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು; ಇಲ್ಲದಿದ್ದರೆ ನಿನ್ನ ವ್ಯಾಸಂಗ ಅಲ್ಲಿಗೇ ನಿಲ್ಲುತ್ತದೆ. ವಿಷಯ ಇಷ್ಟೇ ಅಲ್ಲವೇ?

ಇನ್ನು ಇಲ್ಲಿಯ ಸುದ್ದಿ. ಗುರುಸಿದ್ದಯ್ಯನವರು ಒಳ್ಳೆಯವರು, ಒಳ್ಳೆಯತನದಿಂದಲೇ ಬಡಾವಣೆಗೆಲ್ಲ ಹೇಳಿದ್ದಾರೆ. ಸೋಮವಾರದ ಅನುಭಾವ ಗೋಷ್ಠಿಯಲ್ಲಿ ನಾನು ವಚನಗಳ ಅರ್ಥ ಹೇಳುತ್ತಿದ್ದ ಕೆಲಸವನ್ನು ಈ ವಾರದಿಂದ ಬೇರೊಬ್ಬರಿಗೆ ವಹಿಸಿದ್ದಾರೆ. ಮಾಸಪತ್ರಿಕೆಯ ಸಂಪಾದಕ ಲಿಂಗಪ್ಪ ನನ್ನ ಶಿಷ್ಯನೆಂಬುದು ನಿನಗೆ ಗೊತ್ತು. ಅಚ್ಚಿಗೆ ಮುಂಚೆ ಪ್ರತಿ ಪುಟವನ್ನೂ ನನ್ನಿಂದಲೇ ತಿದ್ದಿಸಿಕೊಂಡು ಹೋಗುತ್ತಿದ್ದವನು. ಶನಿವಾರ ಅವನು ಕೈಯಲ್ಲಿ ಪುಟಗಳ ಬದಲು ಬಾಳೆಹಣ್ಣು ಹಿಡಿದು ಬಂದ. ‘ಸಾರ್, ಸಾಕಷ್ಟು ದುಡಿದಿದ್ದೀರಿ. ಇನ್ಮೇಲೆ ರೆಸ್ಟ್ ತಗೊಳ್ಳಿ’ ಎಂದ. ತಪ್ಪೇನಾದರೂ ಉಳಿದುಹೋಗಿತ್ತೇ ಎಂದು ಕೇಳಿದೆ. ‘ಅಯ್ಯೋ ಇಲ್ಲ ಸಾರ್’ ಎಂದು ನಿನ್ನ ತಾಯಿಯ ಮುಖ ನೋಡಿದ. ನಿಜವೇನೆಂಬುದನ್ನು ಬಲ್ಲ ನಿನ್ನ ತಾಯಿ, ‘ಮಾವ, ನೀವ್ ಒಳಗ್ ಹೋಗಿ ಮಲ್ಕೊಳ್ಳಿ’ ಎಂದಳು. ನಾನು ಒಳಗೆ ಹೋಗಿ ಮಲಗಿದೆ. ಆ ಕ್ಷಣದಲ್ಲಿ ಬೇರೇನು ಮಾಡಿದ್ದರೂ ಅದು ಹುಚ್ಚಿನ ಲಕ್ಷಣವಾಗಿಯೇ ಕಾಣುತ್ತಿತ್ತು. ಯೋಚಿಸಿ ನೋಡು: ಬುದ್ಧಿಯಿಲ್ಲವೆಂದು ಹೆಸರಾದ ಮನುಷ್ಯ ಕೋಪಿಸಿಕೊಳ್ಳುವಂತಿಲ್ಲ, ಅಳುವಂತಿಲ್ಲ, ತನಗೆ ಬುದ್ಧಿಯಿದೆಯೆಂದು ವಾದಿಸುವಂತೆಯೂ ಇಲ್ಲ. ಮೇಷ್ಟರಾಗಿ ಬದುಕಿದ ನನಗೆ ಈ ಊರಿನಲ್ಲಿ ಹೊಲವಿಲ್ಲ, ಅಧಿಕಾರವಿಲ್ಲ. ದೇವೇಂದ್ರಪ್ಪ ಹೇಳಿದರೆ ಸರಿಯಿರುತ್ತದೆ ಎಂಬ ಮಾತೊಂದೇ ಇತ್ತು.

ಶುಕ್ರವಾರ ಇಡೀ ದಿನ ಕುಳಿತು, ನಿಘಂಟು ಪಕ್ಕಕ್ಕಿಟ್ಟುಕೊಂಡು, ವಿಭೂತಿಯೆಂದರೇನು, ನಾವು ಅದನ್ನು ಏಕೆ ಧರಿಸುತ್ತೇವೆ, ಮೊಮ್ಮಗಳ ಪತ್ರದಲ್ಲಿ ಅದನ್ನೇಕೆ ಇಟ್ಟೆ ಎಂಬುದನ್ನು ಆ ಸಮಿತಿಗೆ ಇಂಗ್ಲಿಷಿನಲ್ಲಿ ಬರೆದೆ. ತಪ್ಪು ಮಾಡಿದವನು ನಾನು, ಹುಡುಗಿಯನ್ನು ಕ್ಷಮಿಸಬೇಕು ಎಂದೂ ಸೇರಿಸಿದೆ. ನಿನ್ನ ತಂದೆ ಓದಿ ಮಡಿಚಿಟ್ಟ. ‘ಚೆನ್ನಾಗಿದೆ ಅಪ್ಪ. ಅದೇ ತೊಂದರೆ. ಇದನ್ನ ಕಳ್ಸಿದ್ರೆ ನಿಮಗೆ ಬುದ್ಧಿ ನೆಟ್ಟಗಿದೆ, ಅವಳು ಸುಳ್ಳು ಹೇಳಿದ್ಲು ಅಂತಾಗುತ್ತೆ’ ಎಂದ. ವಿಜಯನಗರದಲ್ಲಿ ಪರಿಚಯದ ವೈದ್ಯರಿದ್ದಾರಂತೆ, ಅರ್ಧ ಗಂಟೆಯ ಕೆಲಸವಂತೆ. ನಿನ್ನ ತಾಯಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ, ‘ಅವಳ್ ಓದಿಗಿಂತ ನಿಮ್ ಹೆಸರು ದೊಡ್ಡದಾ ಮಾವ?’ ಎಂದಳು. ಅವಳು ಕೇಳಿದ್ದು ತಪ್ಪಲ್ಲ. ಅಂದಿನಿಂದ ಈ ಮನೆಯಲ್ಲಿ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದೇವೆ.

ನನ್ನ ಉತ್ತರವನ್ನು ನಿನಗೇ ಹೇಳುವುದು ನ್ಯಾಯ. ನಾನು ಆ ವೈದ್ಯರಲ್ಲಿಗೆ ಹೋಗುವುದಿಲ್ಲ. ಸಮಿತಿಯ ಮುಂದೆ ನೀನೇ ನಿಂತು, ಇದನ್ನು ಕಳುಹಿಸಿದವರು ನನ್ನ ಅಜ್ಜ, ಇದು ನಮ್ಮ ಹಣೆಯ ಮೇಲಿನ ವಿಭೂತಿ, ಹೆದರಿ ಸುಳ್ಳು ಹೇಳಿದೆ ಎಂದು ಹೇಳು. ಹೆದರಿದ ವಿದ್ಯಾರ್ಥಿನಿಯನ್ನು ಕ್ಷಮಿಸಲಾರದಷ್ಟು ಸಣ್ಣವರು ಅಲ್ಲಿರಲಾರರು. ಇದ್ದರೆ ಅವರು ಕೊಡುವ ಪದವಿಯನ್ನು ಗೋಡೆಗೆ ತೂಗುಹಾಕುವ ಅಗತ್ಯ ನಮಗಿಲ್ಲ. ನೀನು ಮೂರನೆಯ ತರಗತಿಯಲ್ಲಿದ್ದಾಗ ಭಾಷಣ ಸ್ಪರ್ಧೆಯಲ್ಲಿ ಮಾತು ಮರೆತು, ತುಂಬಿದ ಸಭೆಯಲ್ಲಿ ವೇದಿಕೆಯಿಂದಲೇ ‘ಅಜ್ಜಾ, ಮುಂದೇನು?’ ಎಂದು ಕೂಗಿ ಕೇಳಿದ್ದೆ. ಜನ ಬಿದ್ದು ಬಿದ್ದು ನಕ್ಕರು. ನಿನಗೆ ನಾಚಿಕೆಯಾಗಲಿಲ್ಲ, ನಾನು ಹೇಳಿಕೊಟ್ಟೆ, ನೀನು ಮುಗಿಸಿ ಇಳಿದೆ. ಆ ಮಗುವಿಗೆ ಈ ಪತ್ರ ಬರೆದಿದ್ದೇನೆ. ನನಗಿರುವ ಒಬ್ಬಳೇ ಮೊಮ್ಮಗಳು ನನ್ನ ವಿಷಯದಲ್ಲಿ ಹೇಳಿದ ಸುಳ್ಳನ್ನು ಬೇರೆಯವರಿಂದ ತಿದ್ದಿಸಲಾರೆ. ಅದು ನಿನ್ನ ಕೈಯಿಂದಲೇ ಆಗಬೇಕು.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ಧೈರ್ಯ ನಿನ್ನ ಜೊತೆಗಿರಲಿ. ಗುರುದೇವಿಗೂ ನನ್ನ ಹಾರೈಕೆ ತಿಳಿಸು.

ನಿನ್ನ ಅಜ್ಜ,
ದೇವೇಂದ್ರಪ್ಪ

ಪತ್ರವನ್ನು ಅಂಟಿಸುವ ಮೊದಲು ಇನ್ನಿಷ್ಟು: ಮಧ್ಯಾಹ್ನ ನೀನು ದೂರವಾಣಿಯಲ್ಲಿ ಕರೆದಾಗ ತಾಯಿ ಅಡುಗೆಮನೆಯಲ್ಲಿದ್ದುದರಿಂದ ನಾನೇ ಎತ್ತಿಕೊಂಡೆ. ನನ್ನ ದನಿ ಕೇಳಿ ನೀನು ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ, ‘ಅಜ್ಜಾ, ಊಟ ಆಯ್ತಾ? ನಾನ್ ಯಾರು ಗೊತ್ತಾಯ್ತಾ?’ ಎಂದು ಕೇಳಿದೆ. ಪಕ್ಕದಲ್ಲಿ ಗುರುದೇವಿ ಇದ್ದಳೆಂದು ನಿನ್ನ ತಾಯಿ ಆಮೇಲೆ ಸಮಾಧಾನ ಹೇಳಿದಳು. ಇರಬಹುದು. ನಾನು ದೂರವಾಣಿಯನ್ನು ಅವಳ ಕೈಗೆ ಕೊಟ್ಟು, ಅಂಗಿ ಬದಲಿಸಿ, ಆಟೋ ಕರೆಯಲು ಶ್ರೀಶೈಲನಿಗೆ ಹೇಳಿದೆ. ಈಗ ವಿಜಯನಗರದಿಂದ ಬಂದು ಇದನ್ನು ಬರೆಯುತ್ತಿದ್ದೇನೆ. ಪ್ರಮಾಣಪತ್ರವನ್ನು ನಿನ್ನ ತಂದೆ ಬೇರೆಯಾಗಿ ಕಳುಹಿಸುತ್ತಾನೆ, ಆದ್ದರಿಂದ ಮೇಲೆ ನಾನು ಕೇಳಿದ್ದನ್ನು ನೀನು ಮಾಡಬೇಕಾಗಿಲ್ಲ. ವೈದ್ಯರು ವರ್ಷ ಕೇಳಿದರು, ತಿಂಗಳು ಕೇಳಿದರು, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಬೇಕೆಂದೇ ತಪ್ಪು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲವನ್ನೂ ಸರಿಯಾಗಿಯೇ ಹೇಳಿದೆ. ವೈದ್ಯರು ನಿನ್ನ ತಂದೆಯ ಮುಖ ನೋಡಿದರು, ನಿನ್ನ ತಂದೆ ನೆಲ ನೋಡಿದ. ಕೊನೆಗೆ, ‘ಯಜಮಾನ್ರೇ, ಮೊಮ್ಮಕ್ಕಳು ಎಷ್ಟು ಜನ?’ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಆ ಒಂದು ಉತ್ತರವನ್ನು ತಪ್ಪೆಂದು ಗುರುತು ಹಾಕಿಕೊಂಡು ಸಹಿ ಮಾಡಿಕೊಟ್ಟರು.