ಇಳಿಸಿದ ಕೈ

ಐಸ್ ರಿಂಕಿನ ಯಂತ್ರದ ಕೋಣೆಯಿಂದ,
ಶನಿವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಣ್ಣ ಬಿದ್ದ ದಿನ ನನ್ನ ಕೈ ಮೇಲಿತ್ತು ಎಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಮೊದಲು ಮೇಲಿತ್ತು, ಆಮೇಲೆ ನಾನೇ ಇಳಿಸಿದೆ. ಬೇಕರಿ ಚಿಕ್ಕಮ್ಮನ ಮಗ ಅಂದು ಹೇಳಿದ್ದೇ ಸರಿ. ಹದಿಮೂರು ತಿಂಗಳು ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ.

ಕ್ಷೇಮ ಸಮಾಚಾರ ಕೇಳಿ, ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬರೋಣ ಎಂದುಕೊಂಡು ನಾಲ್ಕು ಹಾಳೆ ಹರಿದೆ. ಪ್ರತಿ ಸಲವೂ ಕ್ಷೇಮ ಸಮಾಚಾರದಲ್ಲೇ ಹಾಳೆ ಮುಗಿಯುತ್ತಿತ್ತು. ಅದಕ್ಕೇ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಟ್ಟೆ. ಈಗ ಕೇಳುತ್ತೇನೆ: ನಿನ್ನ ಬೆನ್ನುನೋವು ಹೇಗಿದೆ? ಅಣ್ಣನನ್ನು ಸೇರಿಸಿರುವ ಆ ಪರವೂರಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದನ್ನು ಬಿಟ್ಟೆಯಾ? ಅಣ್ಣ ಒಂದೇ ಊರುಗೋಲಿನಲ್ಲಿ ಮೆಟ್ಟಿಲು ಹತ್ತಿದ ಎಂದು ಅಪ್ಪ ಹೇಳಿದರು. ಎಷ್ಟು ಮೆಟ್ಟಿಲು ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಗಂಡಸರಿಗೆ ಸುದ್ದಿ ಕೇಳಲೂ ಬರುವುದಿಲ್ಲ, ಹೇಳಲೂ ಬರುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ನೀನು ಫೋನು ಎತ್ತಿದ ಕೂಡಲೇ "ಊಟ ಆಯ್ತಾ ಪುಟ್ಟಿ" ಅನ್ನುತ್ತೀಯ. ಹಿಂದೆ ಅಣ್ಣ ಕೆಮ್ಮುವುದು ಕೇಳುತ್ತದೆ. ಅಲ್ಲಿಗೆ ನನ್ನ ಧೈರ್ಯ ಖಾಲಿ.

ನೀನು ಆಟ ನೋಡಲು ಬಂದದ್ದು ಎರಡೇ ಸಲ, ಎರಡು ಸಲವೂ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಹಾಗಾಗಿ ನಿಯಮ ಬಿಡಿಸಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ರಬ್ಬರಿನ ಬಿಲ್ಲೆ. ಎದುರಾಳಿಗಳು ಮುತ್ತಿಗೆ ಹಾಕಿದಾಗ ಕೆಲವರು ಆ ಬಿಲ್ಲೆಯನ್ನು ತಮ್ಮ ಅರ್ಧದಿಂದಲೇ ಜೋರಾಗಿ ಹೊಡೆದು ಆಚೆ ತುದಿಗೆ, ಎದುರಾಳಿಯ ಗೋಲಿನ ಗೆರೆ ದಾಟಿಸಿ ಕಳಿಸಿಬಿಡುತ್ತಾರೆ. ಅದು ಒಂಥರಾ ತಪ್ಪಿಸಿಕೊಳ್ಳುವುದು, ಅದಕ್ಕೆ ಶಿಕ್ಷೆ ಇದೆ. ಆದರೆ ನಮ್ಮ ಹಳೆಯ ನಿಯಮದಲ್ಲಿ ಸೀಟಿ ತಕ್ಷಣ ಊದುವಂತಿಲ್ಲ. ಗೆರೆ ಕಾಯುವ ಅಂಪೈರ್, ಅಂದರೆ ನಾನು, ಕೈ ಎತ್ತಬೇಕು. ಎದುರಾಳಿ ತಂಡದವನು ಹಿಂದಕ್ಕೆ ಓಡಿಹೋಗಿ ಬಿಲ್ಲೆಯನ್ನು ಮೊದಲು ಮುಟ್ಟಿದರೆ ಆಗ ಸೀಟಿ. ಹೊಡೆದ ತಂಡದವನೇ ಮೊದಲು ಮುಟ್ಟಿದರೆ ಆಟ ಮುಂದುವರಿಯುತ್ತದೆ. ಹೀಗೆ ಇಬ್ಬರು ಹಲಗೆಯ ಗೋಡೆಯ ಕಡೆಗೆ ಪ್ರಾಣದ ಹಂಗು ಬಿಟ್ಟು ಓಡುತ್ತಾರೆ. ನಡುವೆ, ಹಿಂದಕ್ಕೆ ಓಡುವವನು ಬಿಲ್ಲೆಯನ್ನು ದಾರಿಯಲ್ಲೇ ತಡೆಯಬಹುದಿತ್ತು ಎಂದು ನನಗೆ ಅನಿಸಿದರೆ ನಾನು ಕೈ ಇಳಿಸಬಹುದು. ಇಳಿಸಿದರೆ ತಪ್ಪೇ ಇಲ್ಲ, ಆಡಿ ಎಂದರ್ಥ.

ಆ ದಿನ ಬಿಲ್ಲೆ ಹೊಡೆದದ್ದು ಬೇಕರಿಯವರ ತಂಡ. ಹಿಂದಕ್ಕೆ ಓಡಿದವನು ಅಣ್ಣ, ಬೆನ್ನಟ್ಟಿದವನು ಚಿಕ್ಕಮ್ಮನ ಮಗ, ಊರೆಲ್ಲ ಗೂಳಿ ಎಂದು ಕರೆಯುವ ನಮ್ಮ ಗೂಳಿ. ನಾನು ಕೈ ಎತ್ತಿದೆ. ಅಣ್ಣ ಒಂದು ಸಲ ಭುಜದ ಮೇಲಿಂದ ತಿರುಗಿ ನನ್ನ ಕೈ ನೋಡಿದ. ಅವನೇ ಮುಂದಿದ್ದ, ಇನ್ನೇನು ಮುಟ್ಟಿದರೆ ಮುಗಿಯಿತು ಎಂದು ವೇಗ ಇಳಿಸಿದ. ಆಗಲೇ ನನ್ನ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಕೈ ಎತ್ತೋಕೆ ತಂಗಿ ಇದ್ರೆ ಯಾರು ಬೇಕಾದ್ರೂ ಗೆಲ್ತಾರೆ ಬಿಡ್ರೋ!" ಅರ್ಧ ಗಂಟೆಯಿಂದ ಅದೇ ರಾಗ ಹಾಡುತ್ತಿದ್ದ. ಅಮ್ಮಾ, ಬಿಲ್ಲೆ ಅಣ್ಣನ ಕೋಲಿನ ಪಕ್ಕದಲ್ಲೇ ಹೋಗಿತ್ತೇನೋ, ತಡೆಯಬಹುದಿತ್ತೇನೋ ಎಂದು ನನಗೆ ನಾನೇ ಒಂದು ಕಾರಣ ಕೊಟ್ಟುಕೊಂಡೆ. ಅದು ಕಾರಣವಲ್ಲ, ನೆಪ. ಅಣ್ಣನ ಪರ ಎನ್ನಿಸಿಕೊಳ್ಳಬಾರದು, ನನ್ನಷ್ಟು ನ್ಯಾಯವಂತಳು ಇಲ್ಲ ಎಂದು ಆ ಬೆಂಚಿಗೆ ತೋರಿಸಬೇಕು, ಅಷ್ಟೇ. ಕೈ ಇಳಿಸಿದೆ. ಗೂಳಿ ನನ್ನನ್ನು ನೋಡಿದ್ದು ಆಗ. ಆಡಬಹುದು ಎಂದುಕೊಂಡು ಇದ್ದಬದ್ದ ವೇಗದಲ್ಲಿ ನುಗ್ಗಿದ. ಒಬ್ಬ ಎತ್ತಿದ ಕೈ ನೋಡಿದ, ಒಬ್ಬ ಇಳಿದ ಕೈ ನೋಡಿದ. ಇಬ್ಬರದೂ ತಪ್ಪಿಲ್ಲ. ಆಮೇಲೆ ಏನಾಯಿತು ಎಂದು ಅಣ್ಣನ ಸೊಂಟದೊಳಗಿನ ಸ್ಕ್ರೂಗಳಿಗೆ ಗೊತ್ತು.

ವಿಚಾರಣೆಯಲ್ಲಿ ಕ್ಲಬ್ಬಿನ ಅಧ್ಯಕ್ಷರು, ಗಡಿಯಾರ ರಿಪೇರಿಯ ತಾತ, ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕೈ ಮೇಲಿತ್ತೇನಮ್ಮಾ?" ನಾನು "ಮೇಲಿತ್ತು" ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗೂಳಿ ಮಾತ್ರ "ಕೈ ಕೆಳಗಿತ್ತು ತಾತ, ನಾನು ನೋಡ್ದೆ" ಎಂದು ಮೂರು ಸಲ ಹೇಳಿದ. ಗೂಳಿ ಎಂದು ಕರೆದೂ ಕರೆದೂ ಎಲ್ಲರೂ ಅವನು ಹಾಯುವವನೇ ಎಂದು ನಂಬಿಬಿಟ್ಟಿದ್ದರು. ಎರಡು ವರ್ಷ ಆಡುವಂತಿಲ್ಲ ಎಂದು ಹೊರಗೆ ಹಾಕಿದರು. ಚಿಕ್ಕಮ್ಮ ನಮ್ಮ ಮನೆಗೆ ಬಂದು ಬಾಗಿಲು ತಟ್ಟಿದಾಗ ನೀನು ಚಿಲಕ ತೆಗೆಯಲಿಲ್ಲ. ಅಣ್ಣನನ್ನೂ ಗೂಳಿಯನ್ನೂ ಒಂದೇ ವಾರ್ಡಿನಲ್ಲಿ, ಪಕ್ಕಪಕ್ಕದ ಮಂಚದಲ್ಲಿ ಹೆತ್ತವರು ನೀವು. ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಿದ್ದೆ.

ಶಾಲೆ ಬಿಟ್ಟ ದಿನ ನೆನಪಿದೆಯಾ? ಹೆಡ್‌ಮಿಸ್ಸು ಕಾರಣ ಕೇಳಿದಾಗ, ಹೊಟ್ಟೆನೋವು ಅಂತಲೋ ಮನೆ ಕಷ್ಟ ಅಂತಲೋ ಹೇಳು ಎಂದು ನೀನು ಕಣ್ಸನ್ನೆ ಮಾಡಿದರೂ ನಾನು "ಓದೋಕೆ ಬರಲ್ಲ ಅಂತಲ್ಲ ಮಿಸ್, ಕೂತ್ಕೊಳ್ಳೋಕೆ ಬರಲ್ಲ" ಎಂದುಬಿಟ್ಟೆ. ದಾರಿಯುದ್ದಕ್ಕೂ ನೀನು ನನ್ನನ್ನು ಬೈದೆ, ಮನೆಗೆ ಬಂದ ಮೇಲೆ ಅಪ್ಪನ ಮುಂದೆ "ಇವಳ ಕಾಲಲ್ಲಿ ಇರುವೆ ಗೂಡು ಕಟ್ಟಿದೆ, ಆದ್ರೆ ಬಾಯಲ್ಲಿ ಸುಳ್ಳು ನಿಲ್ಲಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. ಈ ಹದಿಮೂರು ತಿಂಗಳು ಐಸ್ ನಯ ಮಾಡುವ ಗಾಡಿ ಓಡಿಸುವಾಗಲೆಲ್ಲ ನಿನ್ನ ಆ ಮಾತೇ ಕಿವಿಯಲ್ಲಿರುತ್ತಿತ್ತು. ಆ ಗಾಡಿ ಐಸಿನ ಮೇಲಿನ ಗೀರುಗಳನ್ನು ಕೆರೆದು, ಬಿಸಿನೀರು ಹರಡಿ ಕನ್ನಡಿಯಂತೆ ಮಾಡಿಕೊಡುತ್ತದೆ. ಅಣ್ಣ ಬಿದ್ದ ಮೂಲೆಯ ಮೇಲೆ ದಿನಕ್ಕೆ ಆರು ಸಲ ಗಾಡಿ ಓಡಿಸಿದ್ದೇನೆ.

ಈಗ ಹೋದ ಭಾನುವಾರದ ಕಥೆ. ಅಣ್ಣನ ಅಪಘಾತವಾದ ಮೇಲೆ ಹಲ್ಲಿನ ಡಾಕ್ಟರಮ್ಮ ಕ್ಲಬ್ಬಿಗೆ ಒಂದು ಅರ್ಜಿ ಕೊಟ್ಟಿದ್ದರು: ಈ ಓಟವೇ ಬೇಡ, ಬಿಲ್ಲೆ ಗೆರೆ ದಾಟಿದ ತಕ್ಷಣ ಸೀಟಿ ಊದಿ ಎಂದು. ಕೋಚ್ ಮಾಮ ಸುತರಾಂ ಒಪ್ಪಲಿಲ್ಲ. ನಮ್ಮ ಕ್ಲಬ್ಬಿನ ಕಟ್ಟಳೆ ನಿನಗೆ ಗೊತ್ತಿಲ್ಲ: ನಿಯಮ ಬದಲಿಸಬೇಕು ಅನ್ನುವವರೂ ಬೇಡ ಅನ್ನುವವರೂ ಕುರ್ಚಿಯಲ್ಲಿ ಕೂತು ಓಟು ಹಾಕುವಂತಿಲ್ಲ. ಸ್ಕೇಟು ಕಟ್ಟಿಕೊಂಡು ಐಸಿಗೆ ಇಳಿಯಬೇಕು. ಇಪ್ಪತ್ತು ನಿಮಿಷ ಹಳೆಯ ನಿಯಮದಲ್ಲಿ, ಇಪ್ಪತ್ತು ನಿಮಿಷ ಹೊಸ ನಿಯಮದಲ್ಲಿ ಆಡಿ, ಆಮೇಲೆ ಅಲ್ಲೇ ನಿಂತು ಕೋಲು ಎತ್ತಬೇಕು. ನೀನು ನೋಡಬೇಕಿತ್ತಮ್ಮಾ! ಹನ್ನೊಂದು ಜೊತೆ ಸ್ಕೇಟುಗಳ ಅಲಗು ಮಸೆದುಕೊಟ್ಟವಳು ನಾನೇ. ಕೋಚ್ ಮಾಮನ ಹಳೆಯ ಜರ್ಸಿ ಹೊಟ್ಟೆಯ ಅರ್ಧಕ್ಕೇ ನಿಂತಿತ್ತು. ತಾತ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಗೋಲಿನಲ್ಲಿ ನಿಂತರು, ನಿಂತದ್ದಕ್ಕಿಂತ ಗೋಲಿನ ಕಂಬ ಹಿಡಿದುಕೊಂಡಿದ್ದೇ ಹೆಚ್ಚು. ಕೋಚ್ ಮಾಮ ಡಾಕ್ಟರಮ್ಮನನ್ನು "ಹಲ್ಲು ಉದುರದಿದ್ರೆ ನಿಮ್ಮ ಅಂಗಡಿ ನಡೆಯೋದು ಹೇಗೆ? ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೋತೀರಲ್ಲ" ಎಂದು ಕೆಣಕಿದರು. ಅವರು "ಹಲ್ಲು ಕಟ್ಟಿಕೊಡಬಲ್ಲೆ ಕೋಚ್, ಸೊಂಟ ಕಟ್ಟೋಕೆ ನನಗೆ ಬರಲ್ಲ" ಎಂದರು. ಮಾಮ ಸುಮ್ಮನಾಗುವ ಆಸಾಮಿಯೇ? "ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಳ್ಳೋಕಾಗುತ್ತಾ? ಓಟ ತೆಗೆದ್ರೆ ಆಟದ ಉಸಿರೇ ಹೋಯ್ತು. ಸೋಲೋ ತಂಡಕ್ಕೆ ಉಳಿದಿರೋ ಆಸೆ ಅದೊಂದೇ." ಅವರ ಮಾತಿನಲ್ಲೂ ನಿಜವಿದೆ, ಅಮ್ಮಾ. ಅಣ್ಣನಿಗೂ ಆ ಓಟವೆಂದರೆ ಜೀವ.

ಹಳೆಯ ನಿಯಮದ ಆಟದಲ್ಲಿ ಬಿಲ್ಲೆ ಆ ಮೂಲೆಗೇ ಹೋಯಿತು. ನಾನು ಕೈ ಎತ್ತಿದೆ. ಕೋಚ್ ಮಾಮನೂ ಡಾಕ್ಟರಮ್ಮನೂ ಬಾತುಕೋಳಿಗಳ ಹಾಗೆ ಓಡಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರಿಬ್ಬರೂ ನೋಡುತ್ತಿದ್ದುದು ಬಿಲ್ಲೆಯನ್ನಲ್ಲ, ನನ್ನ ಕೈಯನ್ನು. ಡಾಕ್ಟರಮ್ಮ ಮೂರು ಸಲ ತಿರುಗಿ ನೋಡಿದರು. ಅಷ್ಟು ದೊಡ್ಡವರು, ಇಪ್ಪತ್ತರ ನನ್ನ ಕೈಯನ್ನು ನಂಬಿ ಓಡುತ್ತಿದ್ದರು. ಕೋಚ್ ಮಾಮ ಮೊದಲು ಮುಟ್ಟಿ, ಏದುಸಿರು ಬಿಡುತ್ತ ತಿರುಗಿ ಹೇಳಿದರು: "ನೋಡಿ, ಯಾರಾದ್ರೂ ಸತ್ರಾ? ನಿಯಮ ಸರಿಯಾಗೇ ಇದೆ. ಸರಿ ಇಲ್ದೇ ಇದ್ದಿದ್ದು ಆ ಗೂಳಿ. ಕೈ ಮೇಲಿದ್ದಾಗ್ಲೂ ಹಾಯ್ದ. ಬೇಕಾದ್ರೆ ಇವಳನ್ನೇ ಕೇಳಿ, ಸುಳ್ಳು ಹೇಳೋ ಹುಡುಗಿ ಅಲ್ಲ ಇವಳು."

ಗೂಳಿ ಅಲ್ಲೇ ಇದ್ದ. ಆಡುವಂತಿಲ್ಲವಾದರೂ ರಿಂಕಿನ ಕ್ಯಾಂಟೀನಿಗೆ ಬೇಕರಿಯಿಂದ ಬ್ರೆಡ್ಡು ತರುವವನು ಅವನೇ. ಟ್ರೇ ಹಿಡಿದು ನಿಂತಿದ್ದ. ಈ ಮಾತು ಕೇಳಿಯೂ ತಲೆ ಎತ್ತಲಿಲ್ಲ, ಬ್ರೆಡ್ಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುತ್ತಲೇ ಇದ್ದ, ಮಳೆಗೆ ಅಭ್ಯಾಸವಾದವನ ಹಾಗೆ. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲಮ್ಮಾ. "ಕೈ ಕೆಳಗಿತ್ತು. ನಾನೇ ಇಳಿಸಿದ್ದೆ" ಎಂದೆ. ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ, ರಿಂಕಿನ ಸೂರು ಅದನ್ನು ಎಲ್ಲರಿಗೂ ಕೇಳಿಸಿತು. ಕೋಚ್ ಮಾಮ ಐಸಿನ ಮೇಲೇ ಕೂತುಬಿಟ್ಟರು. ತಾತ ಕಂಬ ಬಿಟ್ಟು ನನ್ನ ಹತ್ತಿರ ಬಂದು "ಯಾಕಮ್ಮಾ ಇಳಿಸಿದೆ?" ಎಂದು ಕೇಳಿದರು. "ಅಣ್ಣನ ಪರ ಅಂತಾರೆ ಅಂತ." "ಆಮೇಲೆ ಯಾಕೆ ಹೇಳ್ಲಿಲ್ಲ?" "ಅಮ್ಮ ನನ್ನ ಮುಖ ನೋಡಲ್ಲ ಅಂತ."

ಕೋಚ್ ಮಾಮ ಕೂತಲ್ಲಿಂದಲೇ "ಅಲ್ಲಿಗೆ ನಿಯಮದ್ದೇನೂ ತಪ್ಪಿಲ್ಲ ಅಂತಾಯ್ತು" ಎಂದರು. ಹಟ ನೋಡು! ನಾನೂ ಬಿಡಲಿಲ್ಲ. "ಸುಳ್ಳು ಹೇಳೋ ಹುಡುಗಿ ಅಲ್ಲ ಅಂತ ನೀವೇ ಅಂದ್ರಿ ಮಾಮ. ಅಂಥವಳ ಕೈಯೇ ಬೆಂಚಿನ ಒಂದು ಕೂಗಿಗೆ ಇಳೀತು. ಇನ್ಯಾರ ಕೈ ನಂಬಿ ಮಕ್ಕಳನ್ನ ಗೋಡೆ ಕಡೆ ಓಡಿಸ್ತೀರಿ?" ಎಂದೆ. ಮಿಕ್ಕ ಇಪ್ಪತ್ತು ನಿಮಿಷ ಹೊಸ ನಿಯಮದಲ್ಲಿ ಆಡಿದರು, ಯಾರಿಗೂ ಮನಸ್ಸಿರಲಿಲ್ಲ. ಕೋಲು ಎತ್ತಿದಾಗ, ಹದಿನೆಂಟರೊಳಗಿನವರಿಗೆ ಓಟ ಬೇಡ ಎಂದು ಎಲ್ಲರೂ ಎತ್ತಿದರು, ಕೋಚ್ ಮಾಮನೂ. ದೊಡ್ಡವರ ವಿಷಯಕ್ಕೆ ಬಂದಾಗ ಮಾಮ ಕೋಲನ್ನು ಕೆಳಗೇ ಇಟ್ಟು "ಮುದುಕರು ಬೇಕಾದ್ರೆ ಸಾಯ್ಲಿ ಬಿಡಿ, ಅವರಿಗೆ ಓಟ ಇರ್ಲಿ" ಎಂದರು. ಒಂದೇ ಕೋಲಿನ ಅಂತರದಲ್ಲಿ ಮಾಮನ ಕಡೆ ಗೆದ್ದಿತು, ದೊಡ್ಡವರಿಗೆ ಓಟ ಉಳಿಯಿತು. ಗೂಳಿಯ ಮೇಲಿನ ನಿಷೇಧ ಅಂದೇ ಹೋಯಿತು. ನನ್ನ ಸೀಟಿಯನ್ನು ಒಂದು ವರ್ಷಕ್ಕೆ ತಾತನ ಮೇಜಿನ ಖಾನೆಗೆ ಹಾಕಿದ್ದಾರೆ. ಗಾಡಿ ಓಡಿಸುವ ಕೆಲಸ ಇದೆ. ಎರಡೂ ನ್ಯಾಯವೇ.

ಗೂಳಿಯ ಹತ್ತಿರ ಹೋದೆ. ಹೊಡೆದರೆ ಹೊಡೆಯಲಿ ಎಂದೇ ಹೋದೆ. ಅವನು ಖಾಲಿ ಟ್ರೇಯನ್ನು ಎದೆಗೆ ಒತ್ತಿಕೊಂಡು "ಕೈ ಕೆಳಗಿತ್ತು ಅನ್ನೋದನ್ನ ನಾನೇ ನಂಬೋದು ಬಿಟ್ಟಿದ್ದೆ ಕಣೇ" ಎಂದ. ಅಣ್ಣನ ಸೊಂಟ ಒಂದು ದಿನ ಸರಿಹೋಗಬಹುದು, ಇವನಲ್ಲಿ ನಾನು ಮುರಿದದ್ದನ್ನು ಯಾವ ಡಾಕ್ಟರಿಗೆ ತೋರಿಸಲಿ ಎಂದು ಆಗ ಅನಿಸಿತು. ಚಿಕ್ಕಮ್ಮನ ಮನೆಗೂ ಹೋದೆ. ಅವರು ಹಿಟ್ಟಿನ ಕೈಯಲ್ಲೇ ಎಲ್ಲ ಕೇಳಿಸಿಕೊಂಡು, "ನಿಮ್ಮಮ್ಮ ಅಲ್ಲಿ ಸರಿಯಾಗಿ ಊಟ ಮಾಡ್ತಾಳಾ?" ಎಂದು ಕೇಳಿದರು. ಈ ಕಾಗದವೂ ಅವರ ಬ್ರೆಡ್ಡಿನ ವ್ಯಾನಿನಲ್ಲೇ ಬರುತ್ತಿದೆ. ಇವತ್ತು ಸಂಜೆ ಡ್ರೈವರ್ ನಿನ್ನ ಕೈಗೇ ಕೊಡುತ್ತಾನೆ.

ಕ್ಷಮಿಸು ಎಂದು ನಾನು ಬರೆಯುತ್ತಿಲ್ಲ. ಬರೆದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಈ ಸಲ ಹಾಗೆ ಮಾಡಬೇಡ. ಬೈಯುವಷ್ಟು ಬೈ. ಚಿಕ್ಕಮ್ಮನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಎತ್ತಿ ನನ್ನ ಮೇಲೆ ಹಾಕು, ಅದು ನನಗೇ ಸೇರಬೇಕಾದದ್ದು. ಅಪ್ಪನಿಗೆ ಭಾನುವಾರವೇ ಹೇಳಿದೆ. ಅವರು ಒಗೆದ ಬಟ್ಟೆ ಮಡಿಸುತ್ತ "ಅಮ್ಮನಿಗೆ ನೀನೇ ಬರಿ" ಎಂದಷ್ಟೇ ಹೇಳಿದರು. ಒಂದೇ ಅಂಗಿಯನ್ನು ಐದು ಸಲ ಮಡಿಸಿದರು. ಅವರಿಗೆ ನಿನ್ನ ಚಿಂತೆ, ಔಷಧಿ ಮರೆಯಬೇಡ ಎಂದಿದ್ದಾರೆ. ಬೆನ್ನಿಗೆ ದಿಂಬು ಇಟ್ಟುಕೋ. ಅಣ್ಣನ ತಲೆ ಸವರು, ನನ್ನ ಹೆಸರು ಹೇಳದೆ.

ಇಂತಿ ನಿನ್ನ
ಸಣ್ಣವಳು

ಮರೆತ ಮಾತು: ವ್ಯಾನು ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತಿದ್ದೇನೆ. ಅಣ್ಣನಿಗೆ ಇದನ್ನು ಓದಿ ಹೇಳಬೇಡ, ಅವನ ಎದುರು ನಿಂತು ನಾನೇ ಹೇಳಬೇಕು. ಗೂಳಿಯೂ ಅವನನ್ನು ನೋಡಬೇಕಂತೆ, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನೀನು ಕರೆದರೆ ಮಾತ್ರ ಒಳಗೆ ಬರುತ್ತಾನಂತೆ, ಇಲ್ಲದಿದ್ದರೆ ಹೊರಗಿನ ಬೆಂಚಿನಲ್ಲೇ ಕೂತಿರುತ್ತಾನೆ. ನಾಳೆ ಬೆಳಿಗ್ಗೆ ಏಳೂವರೆಯ ರೈಲಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ.