ಶಾಲೆಯ ಮೇಲೆ ಒಂದು ಸುತ್ತು

ಚಿತ್ತವಾಡ್ಗಿ, ಹೊಸಪೇಟೆ
ತಾ. 17-2-2008, ಭಾನುವಾರ

ಮಗಳು ಗಂಗಾಂಬಿಕಾಗೆ ನಿಮ್ಮಪ್ಪ ಉಚ್ಚೆಂಗಪ್ಪನ ಆಶೀರ್ವಾದ.

ಅಲ್ಲಿ ಹೇಗಿದ್ದೀಯ? ಗುಲ್ಬರ್ಗಾದ ಬಿಸಿಲು ಶಿವರಾತ್ರಿಯವರೆಗೂ ಕಾಯುವುದಿಲ್ಲ ಎಂದು ಕೇಳಿದ್ದೇನೆ. ನರ್ಸಿಂಗ್ ತರಬೇತಿ ಎಂದು ದಿನವೆಲ್ಲ ನಿಂತು ನಿಂತು ಕಾಲು ಬಾವು ಬರಿಸಿಕೊಳ್ಳಬೇಡ. ಹಾಸ್ಟೆಲ್ಲಿನ ಸಾರು ನೀರಾಗಿದ್ದರೆ ನಿಮ್ಮವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇದೆ, ಅದನ್ನು ಗೆಳತಿಯರಿಗೆಲ್ಲ ಹಂಚಿ ವಾರದಲ್ಲಿ ಡಬ್ಬಿ ತೊಳೆದಿಡಬೇಡ. ನನ್ನ ಮೊಣಕಾಲು ಹಾಗೇ ಇದೆ. ನಿಮ್ಮವ್ವನ ಬಾಯಿಯೂ ಹಾಗೇ ಇದೆ. ಮೂರು ಸಲ ಯಾರೋ ಫೋನ್ ಮಾಡಿ ಮಾತಾಡದೆ ಇಟ್ಟರು ಎಂದು ನೀನು ಅವಳ ಹತ್ತಿರ ಹೇಳಿದೆಯಂತೆ. ಅದು ನಾನೇ. ನೀನು ಹಲೋ ಎಂದ ಕೂಡಲೇ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸಿಟ್ಟು ಬಂತು, ಇಟ್ಟೆ. ಅದಕ್ಕೇ ಕಾಗದ. ಐದನೇ ಕ್ಲಾಸು ಓದಿದವನ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು.

ಎರಗುಂಡ್ಲಹಟ್ಟಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ನನ್ನ ತಂಗಿ, ನಿನ್ನ ಸುಂಕಮ್ಮತ್ತೆಗೆ ಸಾಂಬಾರು ಚೆಲ್ಲಿ ಕಾಲು, ಬಲಗೈ ಸುಟ್ಟಿವೆ. ಜೀವಕ್ಕೆ ಭಯವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಚೆಲ್ಲಿಸಿದ್ದು ಗಣಿ ಧಣಿಯ ಹೆಲಿಕಾಪ್ಟರಿನ ಗಾಳಿ. ಈಗ ತಪ್ಪನ್ನು ಅವಳ ಮೇಲೇ ಹಾಕಿ ಕೆಲಸದಿಂದ ತೆಗೆಯಲು ಹೊರಟಿದ್ದಾರೆ. ಬರುವ ಗುರುವಾರ ವಿಚಾರಣೆ. ಅವಳದು ತಪ್ಪಿಲ್ಲ ಎನ್ನುವುದಕ್ಕೆ ಇರುವ ಒಂದೇ ಸಾಕ್ಷಿ ನಾನು ತೆಗೆದ ಫೋಟೊ. ಅದು ಹೊರಗೆ ಬಂದರೆ ಧಣಿಯ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿರುವ ನಿನ್ನ ಗಂಡನ ಕೆಲಸ ಹೋಗುತ್ತದೆ. ಸಮಾಚಾರ ಇಷ್ಟೇ. ಉಳಿದದ್ದು ಬರೀ ಹೇಸಿಗೆ, ಅದನ್ನೂ ಬರೆಯುತ್ತೇನೆ.

ನನ್ನ ಹುಚ್ಚು ನಿನಗೆ ಗೊತ್ತು. ಕಂಪ್ಲಿಯ ರೈಸ್ ಮಿಲ್ಲಿನ ಕಣದಲ್ಲಿ ಭತ್ತ ಕೆದರುವಾಗ ತಲೆಯ ಮೇಲೆ ಹೋದ ಮೊದಲ ವಿಮಾನಕ್ಕೆ ಬಾಯಿ ತೆರೆದು ನಿಂತವನು ಇನ್ನೂ ಮುಚ್ಚಿಲ್ಲ. ಫಿಟ್ಟರ್ ಆದ ಮೇಲೆ ಹಳೆಯ ಕ್ಯಾಮೆರಾ ಒಂದನ್ನು ಕೊಂಡೆ, ಆಮೇಲೆ ಅದಕ್ಕೊಂದು ಉದ್ದ ಲೆನ್ಸು. ಯಲಹಂಕದ ಏರ್ ಶೋಗೆ ನಾಲ್ಕು ಸಲ ಹೋಗಿ ರಸ್ತೆ ಬದಿಯಲ್ಲಿ ನಿಂತು ಸುಖೋಯ್ ತೆಗೆದೆ, ಮಿಗ್ ತೆಗೆದೆ. ಬೀದರಿನ ಕಡೆಯಿಂದ ತರಬೇತಿ ವಿಮಾನ ಬಂದು ಡ್ಯಾಮಿನ ಮೇಲೆ ತಿರುಗುತ್ತದೆಂದು ಮಲಪನಗುಡಿಯ ಹತ್ತಿರ ಗುಡ್ಡ ಹತ್ತಿ ಮೂರು ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಕಾದೆ. ಬೇಲಿಯೊಳಗೆ ನಿಂತ ಸೈನ್ಯದ ವಿಮಾನಕ್ಕೆ ಒಂದು ದಿನವೂ ಕ್ಯಾಮೆರಾ ಎತ್ತಿಲ್ಲ. ಆಕಾಶಕ್ಕೆ ಬಂದದ್ದು ಎಲ್ಲರದು, ಕೆಳಗಿದ್ದದ್ದು ಅವರದು, ಇದು ನನ್ನ ನೇಮ. ಪ್ರತಿ ಫೋಟೊದ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಹೊತ್ತು, ಬಾಲದ ಮೇಲಿನ ಅಕ್ಷರ ಬರೆದಿಡುತ್ತೇನೆ. ನನಗೆ ಬರುವ ಇಂಗ್ಲಿಷೂ ಆ ಬಾಲದ ಅಕ್ಷರಗಳಷ್ಟೇ. ಓಣಿಯವರು "ಮುದುಕ ಮ್ಯಾಲ ಹೋಗಾಕ ಟಿಕೆಟ್ ಹುಡುಕಾಕತ್ಯಾನ" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರು ಜೀವಮಾನವಿಡೀ ನೆಲ ನೋಡಿ ಏನು ಕಂಡರು?

ಗಣಿಯವರಿಗೆ ಹೆಲಿಕಾಪ್ಟರ್ ಬಂದಾಗ ಮೊದಮೊದಲು ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಈಗ ಅವು ಬೆಲ್ಲದ ಅಂಗಡಿಯ ನೊಣದ ಹಾಗೆ ಹಾರುತ್ತವೆ. ಕೆಳಗೆ ಸಂಡೂರಿನ ರಸ್ತೆ ನೀನೇ ನೋಡಿದ್ದೀಯ, ಅದಿರಿನ ಲಾರಿಗಳ ಸಾಲು ಮುಗಿಯುವುದಿಲ್ಲ. ಬೇವಿನ ಎಲೆ ಕೆಂಪು, ನಾಯಿ ಕೆಂಪು, ಮೊಸರಿನ ಕೆನೆ ಕೆಂಪು. ಎಲೆ ಅಡಿಕೆ ಹಾಕದವನು ಉಗುಳಿದರೂ ಕೆಂಪು. ರಸ್ತೆಯನ್ನು ಹೀಗೆ ಮಾಡಿದವರೇ ಅದರಲ್ಲಿ ಹೋಗಲು ಅಸಹ್ಯಪಟ್ಟು ಮೇಲೆ ಹಾರುತ್ತಾರೆ. ನನ್ನ ಲೆನ್ಸು ಒರೆಸಿದ ಬಟ್ಟೆಯನ್ನು ನಿಮ್ಮವ್ವ ಕಡ್ಡಿಯಲ್ಲಿ ಎತ್ತಿ ಎಸೆಯುತ್ತಾಳೆ.

ಹೋದ ಮಂಗಳವಾರ ಧಣಿ ಎರಗುಂಡ್ಲಹಟ್ಟಿಯ ಶಾಲೆಗೆ ಬರುವುದಿತ್ತು. ಯಾತಕ್ಕೆ ಗೊತ್ತೇ? ನೀರಿನ ಟ್ಯಾಂಕಿನ ಉದ್ಘಾಟನೆಗೆ. ಒಂದು ಕರಿ ಪ್ಲಾಸ್ಟಿಕ್ ಟ್ಯಾಂಕು, ಎರಡು ನಲ್ಲಿ, ಅದರ ಮೇಲೆ ಟ್ಯಾಂಕಿಗಿಂತ ದೊಡ್ಡದಾಗಿ ಧಣಿಯ ಮುಖ. ಗಣಿಯಿಂದ ಶಾಲೆಗೆ ಬೈಕಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಅದಕ್ಕೆ ಹೆಲಿಕಾಪ್ಟರು. ಗ್ರೌಂಡಿನಲ್ಲಿ ಸುಣ್ಣದಿಂದ ದುಂಡಗೆ ಬರೆದು, ಧಣಿಯ ಬಿಳಿ ಬಟ್ಟೆಗೆ ಧೂಳು ಹಾರಬಾರದೆಂದು ಬೆಳಿಗ್ಗೆ ಎರಡು ಟ್ಯಾಂಕರ್ ನೀರನ್ನು ನೆಲಕ್ಕೆ ಸುರಿದರು. ಆ ಊರಿನ ಹೆಂಗಸರು ಒಂದು ಕೊಡಕ್ಕೆ ಬೋರಿನ ಮುಂದೆ ಜಡೆ ಹಿಡಿದು ಜಗಳಾಡುತ್ತಾರೆ. ಅವರೆಲ್ಲ ಸೆರಗು ಬಾಯಿಗೆ ಹಿಡಿದು, ಆ ನೀರು ಇಂಗುವುದನ್ನು ನೋಡುತ್ತ ನಿಂತಿದ್ದರು. ಮಕ್ಕಳನ್ನು ಎಂಟು ಗಂಟೆಗೇ ಸಾಲಾಗಿ ನಿಲ್ಲಿಸಿ ಕೈಗೆ ಚೆಂಡುಹೂ ಕೊಟ್ಟಿದ್ದರು. ಹತ್ತಾಗುವ ಹೊತ್ತಿಗೆ ಹೂವೂ ಬಾಡಿತ್ತು, ಹುಡುಗರೂ ಬಾಡಿದ್ದರು. ಒಂದು ಹುಡುಗಿ ವಾಂತಿ ಮಾಡಿಕೊಂಡಳು. ಹೆಡ್ ಮಾಸ್ತರ ವಿರೂಪಾಕ್ಷಪ್ಪ ಅದರ ಮೇಲೆ ಮಣ್ಣು ಮುಚ್ಚಿಸಿ ಸಾಲು ಸರಿಮಾಡಿದ. ಹೆಲಿಪ್ಯಾಡಿನ ಉಸ್ತುವಾರಿ ನಿನ್ನ ಗಂಡ ಮುರುಗೇಶನದು. ಕಿವಿಗೆ ಫೋನ್ ಹಚ್ಚಿಕೊಂಡು ಓಡಾಡುತ್ತಿದ್ದ. ನಾನು ಅವನ ಮಾವ ಎಂದು ನನ್ನನ್ನು ಹಗ್ಗದ ಒಳಗೆ ಬಿಟ್ಟರು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೂಡಲ ಕಡೆಯಿಂದ ಬಂತು. ಬೆಲ್ ಕಂಪನಿಯದು, ಬಿಳಿ ಮೈ, ನೀಲಿ ಪಟ್ಟಿ. ನೇರ ಇಳಿಯದೆ ಪಡುವಲಿಗಿರುವ ಶಾಲೆಯ ಮೇಲಿಂದ ತಗ್ಗಿ ಹಾರುತ್ತ ಒಂದು ಸುತ್ತು ಹಾಕಿತು. ಆ ಸುತ್ತಿನ ವಿಷಯ ಆಮೇಲೆ ಬರೆಯುತ್ತೇನೆ. ಅಡುಗೆ ಕೋಣೆಗೆ ಮಾಡು ಎಂದರೆ ತಗಡು, ತಗಡಿನ ಮೇಲೆ ಕಲ್ಲು. ಗಾಳಿಗೆ ಒಂದು ತಗಡು ಕಲ್ಲು ಸಮೇತ ಎದ್ದು ಒಳಗೆ ಬಿತ್ತು, ಒಲೆಯ ಮೇಲಿದ್ದ ಸಾಂಬಾರಿನ ಡಬರಿ ಮಗುಚಿತು. ಸುಂಕಮ್ಮನ ಕೂಗು ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನಾನು ಲೆನ್ಸಿನಲ್ಲಿ ತಗಡು ಏಳುವುದನ್ನು ಕಂಡೆ. ಕಂಡವನು ಕ್ಯಾಮೆರಾ ಇಳಿಸಿದೆನೇ? ಇಲ್ಲ. ಇನ್ನೂ ಎರಡು ಸಲ ಒತ್ತಿದೆ. ನಲವತ್ತು ವರ್ಷದ ರೂಢಿ, ಬೆರಳಿಗೆ ಕರುಳಿರುವುದಿಲ್ಲ. ಆಮೇಲೆ ಓಡಿದೆ.

ಅವಳನ್ನು ಟಿಪ್ಪರಿನ ಮುಂದಿನ ಸೀಟಿನಲ್ಲಿ ಕೂರಿಸಿ ಸಂಡೂರಿನ ಆಸ್ಪತ್ರೆಗೆ ಒಯ್ದೆವು. ಇತ್ತ ಕಾರ್ಯಕ್ರಮ ನಿಲ್ಲಲಿಲ್ಲ. ಧಣಿ ನಲ್ಲಿ ತಿರುಗಿಸಿದನಂತೆ, ಮಕ್ಕಳ ಕೈಲಿ ಜೈಕಾರ ಹಾಕಿಸಿದರಂತೆ, ತಾಯಂದಿರ ಕಷ್ಟ ತನಗೆ ಗೊತ್ತು ಎಂದು ಅರ್ಧ ಗಂಟೆ ಮಾತಾಡಿದನಂತೆ. ಮಕ್ಕಳಿಗೆ ಆ ದಿನ ಬಿಸ್ಕತ್ತು.

ಬುಧವಾರವೇ ಕಂಪನಿಯವರ ಕಾಗದ ತಯಾರಾಯಿತು. ಹೆಲಿಕಾಪ್ಟರ್ ಮೂಡಲಿಂದ ನೇರ ಬಂದು ಇಳಿಯಿತು, ಶಾಲೆಯ ಮೇಲೆ ಹೋಗಲೇ ಇಲ್ಲ, ಅಡುಗೆಯವಳು ತಗಡಿನ ಮೇಲೆ ಕಲ್ಲು ಇಡದೆ ಉಡಾಫೆ ಮಾಡಿದ್ದಾಳೆ ಎಂದು ಅದರಲ್ಲಿ ಬರೆದಿದ್ದಾರೆ. ಇಂಕಿನ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೇ ಬಂದರು, ಅವಳ ಹೆಬ್ಬೆಟ್ಟಿಗೆ. ನಾನು ಪಕ್ಕದಲ್ಲೇ ಇದ್ದೆ. ಅವಳು ಕೈ ಕೊಡಲಿಲ್ಲ. "ಯಣ್ಣಾ, ಏಣಿ ಹತ್ತಿ ಎಂಟು ಕಲ್ಲು ನಾನಾ ಇಟ್ಟೀನಿ. ಇಟ್ಟಿಲ್ಲ ಅಂತ ನಾನಾ ಹೆಂಗ ಒತ್ತಲಿ" ಎಂದು ನನ್ನ ಮುಖ ನೋಡಿದಳು. ಹನ್ನೆರಡನೇ ವಯಸ್ಸಿನಲ್ಲಿ ಗಣಿಯಲ್ಲಿ ಅದಿರು ಆರಿಸಲು ಹೋದವಳು ಅವಳು. ನೆರಳಿನಲ್ಲಿ ನಿಂತು ಮಾಡುವ ಕೆಲಸ ಎಂದು ಸಿಕ್ಕಿದ್ದು ಇದೊಂದೇ. ಇದು ಹೋದರೆ ಈ ಸುಟ್ಟ ಕೈಯಲ್ಲಿ ಯಾರು ಕರೆಯುತ್ತಾರೆ?

ಮಾಸ್ತರನನ್ನು ಹಿಡಿದು ಕೇಳಿದೆ. "ನಂದಿನ್ನ ಎರಡು ವರ್ಷ ಸರ್ವೀಸ್ ಐತಿ ಉಚ್ಚೆಂಗಪ್ಪ. ಕಣ್ಣಾಗ ಧೂಳು ಬಿದ್ದಿತ್ತು, ನಾ ಏನೂ ನೋಡಿಲ್ಲ" ಎಂದ. "ಎರಡು ಟ್ಯಾಂಕರ್ ನೀರು ಹೊಡದಿದ್ರಲ್ರೀ ಮಾಸ್ತರ, ಧೂಳು ಎಲ್ಲಿಂದ ಬಂತು" ಎಂದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಒಳಗೆ ಹೋದ. ಥೂ. ಇಂಥವನು ಮಕ್ಕಳಿಗೆ ನೀತಿಪಾಠ ಮಾಡುತ್ತಾನೆ. ನಾನು ಐದಕ್ಕೇ ಬಿಟ್ಟದ್ದು ಒಳ್ಳೆಯದಾಯಿತು.

ಶುಕ್ರವಾರ ನಿನ್ನ ಗಂಡ ಮನೆಗೆ ಬಂದ. ನಾನು ಫೋಟೊ ತೆಗೆದದ್ದನ್ನು ಊರೆಲ್ಲ ನೋಡಿತ್ತಲ್ಲ, ಕಂಪನಿಯವರು ಅವನನ್ನೇ ಕಳಿಸಿದ್ದರು. ಬಾಗಿಲಲ್ಲಿ ನಿಂತೇ, "ಮಾವ, ಆ ನೆಗೆಟಿವ್ ಕೊಟ್ಟುಬಿಡ್ರಿ. ಸುಂಕಮ್ಮಗ ಬ್ಯಾರೆ ಕಡೆ ಕೆಲಸ ಹಚ್ಚತಾರಂತ" ಎಂದ. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಧಣಿಗೆ ಹೇಳು, ನೆಗೆಟಿವ್ ಬೇಕಂದ್ರ ಅವನಾ ಬರ್ಲಿ. ನಡಕೊಂಡು ಬರ್ಲಿ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಧಣಿಯ ಎಂಜಲೆಲೆ ಎತ್ತುವವನು ಎಂದೆ, ನನ್ನ ಮಗಳನ್ನು ನಿನಗೆ ಕೊಟ್ಟಿದ್ದೇ ತಪ್ಪು ಎಂದೆ. ಓಣಿಯವರೆಲ್ಲ ಕಟ್ಟೆಗೆ ಬಂದು ಕೇಳಿದರು. ನಿಮ್ಮವ್ವ ಒಳಗಿಂದ, "ಮನಿಗೆ ಬಂದ ಅಳಿಯಗ ಕುಂದ್ರು ಅನ್ನಂಗಿಲ್ಲ, ನೀರು ಕೊಡಂಗಿಲ್ಲ. ಆ ಕ್ಯಾಮೆರಾ ಎದಿಮ್ಯಾಲ ಇಟಗೊಂಡಾ ಸಾಯ್ತೀ ನೀ" ಎಂದು ಕೂಗಿ, ತಂಬಿಗೆ ನೀರು ತಂದುಕೊಟ್ಟಳು. ಅವನು ನಿಂತೇ ಕುಡಿದು, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, "ಬರ್ತೀನತ್ತೀ" ಎಂದು ಹೋದ. ನನ್ನ ಕಡೆ ನೋಡಲಿಲ್ಲ.

ಒಟ್ಟು ಐದು ಫೋಟೊ. ಮೂರನೆಯದರಲ್ಲಿ ಹೆಲಿಕಾಪ್ಟರ್ ಸರಿಯಾಗಿ ಅಡುಗೆ ಕೋಣೆಯ ನೆತ್ತಿಯ ಮೇಲಿದೆ. ಬಾಲದ ಐದೂ ಅಕ್ಷರ ಓದಬಹುದು. ಕೆಳಗೆ ತಗಡು ಅರ್ಧ ಎದ್ದಿದೆ, ಅದರ ಮೇಲಿಂದ ಕಲ್ಲು ಜಾರುತ್ತಿದೆ. ಕಲ್ಲು ಇತ್ತು ಎನ್ನುವುದಕ್ಕೆ ಇದಕ್ಕಿಂತ ಏನು ಬೇಕು? ಸ್ಟುಡಿಯೋದಲ್ಲಿ ಮೂರು ಪ್ರತಿ ಮಾಡಿಸಿದ್ದೇನೆ. ಒಂದನ್ನು ಈ ಕವರಿನಲ್ಲಿ ನಿನಗೆ ಕಳಿಸುತ್ತಿದ್ದೇನೆ, ಜೋಪಾನವಾಗಿಡು. ಗುರುವಾರ ತಾಲೂಕಿನಿಂದ ಬರುವ ಸಾಹೇಬರ ಕೈಗೆ ನಾನೇ ಒಂದನ್ನು ಕೊಡುತ್ತೇನೆ. ಮುರುಗೇಶನ ಕೆಲಸ ಹೋಗುತ್ತದೆ. ಅದನ್ನು ತಿಳಿದೇ ಕೊಡುತ್ತೇನೆ. ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಊಟ ಬಿಟ್ಟು ಕೂರಬೇಡ. ಕೆಲಸ ಇನ್ನೊಂದು ಸಿಗುವ ವಯಸ್ಸು ಅವನದು. ಸುಂಕಮ್ಮನದು ಅಲ್ಲ.

ನಿಮ್ಮವ್ವ ಜಂಬಮ್ಮ ನಿನ್ನನ್ನು ಕೇಳಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ, ಬಿಸಿಲಿಗೆ ಬರಿಗಾಲಲ್ಲಿ ಇಳಿಯಬಾರದಂತೆ. ಹಂಪಿಯ ಪಂಪಾಪತಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮಪ್ಪ,
ಉಚ್ಚೆಂಗಪ್ಪ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಸುತ್ತಿನ ವಿಷಯ ಆಮೇಲೆ ಎಂದವನು ಬರೆಯದೆಯೇ ಮುಗಿಸಿದ್ದೆ. ಆ ಸುತ್ತು ಹಾಕಿಸಿದವನು ನಾನು. ಮೂಡಲಿಂದ ನೇರ ಬಂದಿದ್ದರೆ ನಮ್ಮ ತಲೆಯ ಮೇಲೆ ಹೊಟ್ಟೆ ಮಾತ್ರ ತೋರಿಸಿ, ಬೆನ್ನು ತಿರುಗಿಸಿ ಇಳಿಯುತ್ತಿತ್ತು. ಬಾಲದ ಅಕ್ಷರ ಸಿಗುತ್ತಿರಲಿಲ್ಲ. ಶಾಲೆಯ ಕಡೆಯಿಂದ ಬಂದರೆ ಬಿಸಿಲು ನನ್ನ ಬೆನ್ನಿಗೆ, ಅದರ ಇಡೀ ಪಕ್ಕ ಬೆಳಕಿಗೆ. "ಪೈಲಟ್‌ಗೆ ಒಂದು ಮಾತು ಹೇಳೋ, ಶಾಲಿ ಮ್ಯಾಲಿಂದ ತಗ್ಗಿನ್ಯಾಗ ಒಂದು ಸುತ್ತು ಬರ್ಲಿ" ಎಂದು ಆ ಬೆಳಿಗ್ಗೆ ಮುರುಗೇಶನಿಗೆ ಹೇಳಿದ್ದು ನಾನೇ. ಬೇಡ ಮಾವ ಎಂದ. ಮಾವನ ಮಾತು ಇಷ್ಟೂ ನಡೆಯುವುದಿಲ್ಲವೇ ಎಂದು ಜೋರು ಮಾಡಿದೆ. ಫೋನ್ ಮಾಡಿ ಹೇಳಿದ. ಶುಕ್ರವಾರ ಓಣಿಯ ಮುಂದೆ ನನ್ನಿಂದ ಅಷ್ಟೆಲ್ಲ ಬೈಸಿಕೊಂಡನಲ್ಲ, ಹೇಳಿದವರು ನೀವೇ ಅಲ್ಲವೇ ಎಂದು ಒಮ್ಮೆಯೂ ಬಾಯಿ ಬಿಡಲಿಲ್ಲ. ಗುರುವಾರ ಸಾಹೇಬರು ಪೈಲಟನಿಗೆ ಯಾರು ಹೇಳಿದ್ದು ಎಂದು ಕೇಳುತ್ತಾರೆ, ಅವನು ತಾನೇ ಎಂದು ತಲೆ ಕೊಡುತ್ತಾನೆ. ಕೊಡಬಾರದು. ಮೊದಲು ಎದ್ದು ನಿಲ್ಲುವವನು ನಾನು. ಇದನ್ನು ನೀನೇ ಫೋನ್ ಮಾಡಿ ಅವನಿಗೆ ಹೇಳು, ಅವನ ಮುಂದೆ ನನ್ನ ಬಾಯಿ ಏಳುವುದಿಲ್ಲ. ಸುಂಕಮ್ಮನಿಗೆ ಇನ್ನೂ ಗೊತ್ತಿಲ್ಲ. ಬ್ಯಾಂಡೇಜು ಬದಲಿಸಲು ಬಂದವರಿಗೆಲ್ಲ ಫೋಟೊದ ಕಥೆ ಹೇಳಿ, "ನಂಗೇನು ಚಿಂತಿ, ನಮ್ಮಣ್ಣ ಅದಾನ" ಎನ್ನುತ್ತಾಳೆ. ನಾಳೆ ಮೊದಲ ಬಸ್ಸಿಗೆ ಅವಳ ಹತ್ತಿರ ಹೋಗುತ್ತಿದ್ದೇನೆ.