ಆಟೋದವನು ಹೇಳಿದ್ದು

ದಿಲ್‌ಸುಖ್‌ನಗರ, ಹೈದರಾಬಾದ್
೧೭ ಸೆಪ್ಟೆಂಬರ್ ೨೦೦೫, ಶನಿವಾರ

ನಮ್ಮ ಸಿಂಚನಾಳ ಪಪ್ಪನವರಿಗೆ,

ವೇದವತಿಯ ನಮಸ್ಕಾರಗಳು. ಕೋರ್ಬಾದಲ್ಲಿ ಮಳೆ ಹಿಂದೆ ಸರಿಯಿತೋ ಇನ್ನೂ ಸುರಿಯುತ್ತಲೇ ಇದೆಯೋ? ನಿಮ್ಮ ಮೊಣಕಾಲು ಹೇಗಿದೆ? ಬಾಯ್ಲರಿನ ಮೆಟ್ಟಿಲು ಹತ್ತುವ ಕೆಲಸ ಹುಡುಗರಿಗೆ ಬಿಡಿ ಎಂದರೆ ನೀವು ಕೇಳುವವರಲ್ಲ, ಆದರೂ ಹೇಳುತ್ತೇನೆ. ಕಳಿಸಿದ ಶೇಂಗಾ ಚಟ್ನಿ ಇಷ್ಟರಲ್ಲಿ ಮುಗಿದಿರಬೇಕು. ನಿಮ್ಮ ಸೈಟಿನಲ್ಲಿ ನನ್ನ ಚಟ್ನಿಗೆ ಪಾಲುದಾರರು ಬಹಳ. ಸಿಂಚನಾ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದು ಮಾತಾಡಿದರೆ ಗಾಳಿ ಬರುತ್ತದೆ. ದಿನೇಶ ಕಂಪನಿಯ ಬಸ್ಸು ಹತ್ತಿ ಮಾಧಾಪುರಕ್ಕೆ ಹೋದರೆ ಕತ್ತಲಾದ ಮೇಲೆಯೇ ಮನೆ. ನಿಮ್ಮ ತಮ್ಮನಿಗೊಂದು ಹೆಣ್ಣು ನೋಡಿ ಎಂದು ನಿಮಗೆ ಹೇಳುತ್ತಲೇ ಇದ್ದೇನೆ, ಅದೂ ಹಾಗೇ ಉಳಿದಿದೆ.

ಇಷ್ಟು ಬರೆಯುವಷ್ಟರಲ್ಲಿ ಧೈರ್ಯ ಮುಗಿಯಿತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಹಿಂದೆ ನಾಲ್ಕು ಜನ ಸರದಿಗೆ ನಿಂತಿರುತ್ತಾರೆ, ನೀವು 'ಬೇಗ ಹೇಳ, ಬೇಗ ಹೇಳ' ಎನ್ನುತ್ತೀರಿ. ಇದು ಬೇಗ ಹೇಳುವ ಮಾತಲ್ಲ. ಮಾವನವರು ತೀರಿಕೊಂಡ ದಿನ ಏನಾಯಿತೆಂದು ನಿಮಗೆ ಗೊತ್ತಿರುವುದೆಲ್ಲ ಸುಳ್ಳು. ಹೇಳಿದವಳು ನಾನು. ಆ ಸುಳ್ಳನ್ನು ನಂಬಿ ನೀವು ಒಬ್ಬ ಮನುಷ್ಯನ ಮೇಲೆ ಕೈ ಮಾಡಿದಿರಿ. ಓದಿ ಮುಗಿಸಿದ ಮೇಲೆ ನೀವು ನನ್ನ ಮುಖ ನೋಡುತ್ತೀರೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೂ ಪೂರ್ತಿ ಓದಿ.

ಊರಿನಿಂದ ಯಾರೇ ಬರಲಿ, ಚಹಾದ ಕಪ್ಪು ಕೈಗೆ ಕೊಡುವ ಮೊದಲೇ ನೀವು ಶುರು ಮಾಡುವ ಭಾಷಣವಿದೆಯಲ್ಲ, ನನಗದು ಬಾಯಿಪಾಠ. 'ತಾನಾಗಿ ಬಂದು ಮಾತಾಡಿಸಿದವನ ಗಾಡಿ ಹತ್ತಬ್ಯಾಡ್ರಿ. ನೀವು ಹೋಗೋ ಜಾಗಾ ಬಂದ್ ಆಗೈತಿ, ಸುಟ್ಟು ಹೋಗೈತಿ, ಬ್ಯಾರೆ ಕಡೆ ಹೋಗೈತಿ ಅಂದ್ನೋ, ಅವಾ ಪಕ್ಕಾ ಕಳ್ಳ. ಅಲ್ಲಿಗೇ ನಡಿ ಅಂತ ಗಟ್ಟ್ಯಾಗಿ ಹೇಳ್ರಿ.' ನೌಕರಿಗೆ ಸೇರಲು ಬಂದ ಮೊದಲ ದಿನವೇ ನಾಂಪಲ್ಲಿಯ ಆಟೋದವನೊಬ್ಬ ನೀವು ಹೇಳಿದ ಲಾಡ್ಜು ಮುಚ್ಚಿದೆ ಎಂದು ನಂಬಿಸಿ, ಕಾಚಿಗುಡದ ತಿಗಣೆಯ ಕೋಣೆಗೆ ತಳ್ಳಿದ್ದ. ಆ ಹೊಟ್ಟೆಯುರಿ ನಿಮಗೆ ಇಂದಿಗೂ ಆರಿಲ್ಲ. ನಾನು ನಿಮ್ಮನ್ನು ಅಣಕಿಸುತ್ತಿದ್ದೆ ನಿಜ, ಆದರೆ ಆ ಪಾಠವನ್ನು ನಿಮಗಿಂತ ಚೆನ್ನಾಗಿ ಕಲಿತವಳು ನಾನೇ. ಬಂದಾಗ ತೆಲುಗು ಬರುತ್ತಿರಲಿಲ್ಲ, ನನ್ನ ಹಿಂದಿ ಕೇಳಿದರೆ ತರಕಾರಿಯವನೂ ನಗುತ್ತಿದ್ದ. ಆದರೂ ಈ ಊರಿನಲ್ಲಿ ಯಾವ ಆಟೋದವನೂ ನನ್ನನ್ನು ಯಾಮಾರಿಸಿಲ್ಲ ಎಂದು ಕೆಳಮನೆಯ ಅಂಬುಬಾಯಿಯ ಮುಂದೆ ಎಷ್ಟು ಸಲ ಜಂಬ ಕೊಚ್ಚಿಕೊಂಡಿಲ್ಲ!

ಮಾವನವರು ಬಂದಾಗ ನೀವು ಸೈಟಿಗೆ ಹೋಗಿದ್ದಿರಿ, ಊರು ತೋರಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸಾಲಾರ್‌ಜಂಗ್ ಮ್ಯೂಸಿಯಂ ನೋಡಬೇಕೆಂದು ಅವರಿಗೆ ಬಹಳ ಆಸೆ. ಅಫ್ಜಲ್‌ಗಂಜಿನ ಹತ್ತಿರ ಬಸ್ಸಿಳಿದ ಕೂಡಲೇ ಒಬ್ಬ ಆಟೋ ತಂದು ಅಡ್ಡ ನಿಲ್ಲಿಸಿ, ಇವತ್ತು ಮ್ಯೂಸಿಯಂ ಬಂದ್, ಬನ್ನಿ ಮುತ್ತಿನ ಅಂಗಡಿ ತೋರಿಸುತ್ತೇನೆ ಎಂದ. ಗದಗಿನಲ್ಲಿ ಹತ್ತಿ ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆದು ಮುದುಕರಾದವರು ನಿಮ್ಮ ಅಪ್ಪ, ಮುತ್ತಿನ ಅಂಗಡಿಗೂ ಆಟೋಗೂ ಏನು ಸಂಬಂಧವೆಂದು ಅವರಿಗೆ ಹೇಳಿಕೊಡಬೇಕೇ? 'ಬಂದ್ ಆಗಿದ್ದನ್ನ ತೋರ್ಸಪಾ ಮೊದ್ಲ, ಅದನ್ನೂ ನೋಡೂಣು' ಎಂದು ನಕ್ಕರು. ನಾವು ನಡೆದೇ ಹೋದೆವು. ಬಾಗಿಲು ತೆರೆದಿತ್ತು, ಶಾಲೆಯ ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ಮಾವನವರು ಸಿಂಚನಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಆ ದೊಡ್ಡ ಗಡಿಯಾರದ ಮುಂದೆ ಕುಳಿತರು, ಒಳಗಿನ ಪುಟ್ಟ ಗೊಂಬೆ ಬಂದು ಗಂಟೆ ಹೊಡೆದಾಗ ಮೊಮ್ಮಗಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ದಿನೇಶನಿಗೆ 'ನಿಮ್ಮ ವೈನಿ ಕೈಯಾಗ ಊರಿನ ಕಳ್ಳರೆಲ್ಲಾ ಸೋತು ಸುಣ್ಣ ಆಗ್ಯಾರ' ಎಂದು ಹೊಗಳಿದರು. ನನಗೆ ಎರಡು ಕೋಡು ಮೂಡಿದವು.

ಅದೇ ವಾರ ಬೆಳಿಗ್ಗೆ, ದಿನೇಶ ಆಫೀಸಿಗೆ ಹೋದ ಮೇಲೆ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡವರು ಎದೆ ಒತ್ತಿಕೊಂಡರು. ಮೈಯೆಲ್ಲ ಬೆವರು. ಸಿಂಚನಾಳನ್ನು ಅಂಬುಬಾಯಿಯ ಮನೆಯಲ್ಲಿ ಬಿಟ್ಟು, ಅವರನ್ನು ಹಿಡಿದುಕೊಂಡು ಕೆಳಗೆ ಬಂದೆ. ಗೇಟಿನ ಹತ್ತಿರ ಆಟೋ ನಿಂತಿತ್ತು. ನಾನು ಕರೆಯುವ ಮೊದಲೇ ಅದರವನು ಇಳಿದು ಬಂದು ಮಾವನವರ ಇನ್ನೊಂದು ರಟ್ಟೆ ಹಿಡಿದ. ತಾನಾಗಿ ಬಂದನಲ್ಲ, ನನ್ನ ಮೂಗು ಅಲ್ಲಿಯೇ ವಾಸನೆ ಹಿಡಿಯಿತು. ನಿಮ್ಮ ಕಾರ್ಖಾನೆಯ ಪಟ್ಟಿಯಲ್ಲಿದೆಯಲ್ಲ, ಹಿಮಾಯತ್‌ನಗರದ ಹಾರ್ಟಿನ ಆಸ್ಪತ್ರೆ, ಹಿಂದೊಮ್ಮೆ ಮಾವನವರನ್ನು ನೀವೇ ತೋರಿಸಿದ್ದಿರಿ, ಅಲ್ಲಿಗೆ ನಡಿ ಎಂದೆ. ಅವನು 'ಗಾ ಗುಂಡೆ ದವಾಖಾನ ಇಪ್ಪುಡು ಆಡ ಲೇದಮ್ಮಾ, ಮಾರಿಂದಿ' ಎಂದ. ಆ ಆಸ್ಪತ್ರೆ ಈಗ ಅಲ್ಲಿಲ್ಲ, ಹೈಟೆಕ್ ಸಿಟಿಯ ಕಡೆ ಹೊಸ ಕಟ್ಟಡಕ್ಕೆ ಹೋಗಿದೆ, ಅಷ್ಟು ದೂರ ಬೇಡ, ಇಲ್ಲೇ ಮಲಕ್‌ಪೇಟೆಯಲ್ಲಿ ಒಂದು ಒಳ್ಳೆಯ ಆಸ್ಪತ್ರೆಯಿದೆ, ದಾರಿಯಲ್ಲೇ ಸಿಗುತ್ತದೆ, ಅಲ್ಲಿಗೆ ಹೋಗೋಣ ಎಂದ. ನೀವೇ ಹೇಳಿ, ನಿಮ್ಮ ಭಾಷಣದ ಕಳ್ಳ ಇನ್ನು ಹೇಗೆ ಮಾತಾಡಬೇಕಿತ್ತು? ರೋಗಿಗಳನ್ನು ತಂದುಹಾಕಿದರೆ ಆಟೋದವರಿಗೆ ಕಮಿಷನ್ ಸಿಗುತ್ತದೆಂದು ನೀವೇ ಹೇಳಿದ್ದಿರಿ. 'ಚುಪ್ ಬೈಠೋ, ನಾ ಹೇಳಿದಲ್ಲಿಗೇ ನಡಿ' ಎಂದು ಹಿಂದಿ ಕನ್ನಡ ಸೇರಿಸಿ ಗದರಿಸಿದೆ.

ಮಲಕ್‌ಪೇಟೆಯಲ್ಲಿ ಅವನು ಮತ್ತೆ ಗಾಡಿ ನಿಧಾನ ಮಾಡಿದ. ಆಸ್ಪತ್ರೆಯ ಬೋರ್ಡು ನನಗೂ ಕಾಣಿಸಿತು, ರಸ್ತೆ ದಾಟಿದರೆ ಬಾಗಿಲು. ಅವನು ಹಿಂದೆ ತಿರುಗಿ ಕೈಮುಗಿದ. ಮಾವನವರು ಕಣ್ಣು ತೆರೆದು 'ಅವಾ ಹೇಳೂದು ಕೇಳೂಣೇನವಾ?' ಎಂದು ಕೇಳಿದರು. ಇಡೀ ಜೀವನ ದಲಾಲಿ ನೋಡಿದ ಮನುಷ್ಯ, ಯಾರು ಕಮಿಷನ್ ತಿನ್ನುವವರು, ಯಾರು ಅಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನಾನು 'ನಿಮಗ ಗೊತ್ತಾಗೂದಿಲ್ಲ, ಸುಮ್ನ ಕೂಡ್ರಿ ಮಾವಾರ' ಎಂದೆ. ಅವರು ಸುಮ್ಮನೆ ಕೂತರು. ಮುಂದೆ ಮಾತೇ ಆಡಲಿಲ್ಲ. ನನ್ನ ಮಾತು ಕೇಳಿ ಸುಮ್ಮನಾದವರು, ಸುಮ್ಮನೇ ಆಗಿಬಿಟ್ಟರು.

ಹಿಮಾಯತ್‌ನಗರದ ಆ ಕಟ್ಟಡಕ್ಕೆ ತಗಡು ಬಡಿದಿದ್ದರು. ಶಾಪಿಂಗ್ ಕಾಂಪ್ಲೆಕ್ಸ್ ಬರುತ್ತದೆಂದು ದೊಡ್ಡ ಬೋರ್ಡು. ವಾಚ್‌ಮನ್ ಕೈಯಾಡಿಸಿ, ಆಸ್ಪತ್ರೆ ಹೋಗಿ ತಿಂಗಳುಗಳೇ ಆದವು ಎಂದ. ಈ ಊರಿನಲ್ಲಿ ಈಗ ಎಲ್ಲವೂ ಎದ್ದು ಹೈಟೆಕ್ ಸಿಟಿಯ ಕಡೆಗೇ ಹೋಗುತ್ತಿದೆ, ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ನಾನು ಕೆಳಗಿಳಿದು ನಿಂತೇ ಇದ್ದೆ. ಆಟೋದವನು 'ನಾನು ಹೇಳಿರಲಿಲ್ಲವೇ' ಎಂದು ಒಂದು ಮಾತು ಅನ್ನಲಿಲ್ಲ ನೋಡಿ. ನನ್ನ ತೋಳು ಹಿಡಿದು ಒಳಗೆ ಕೂಡಿಸಿ, ಎದುರಿನ ಗಾಡಿಗಳ ನಡುವೆಯೇ ನುಗ್ಗಿಸಿ ಹತ್ತಿರದ ಇನ್ನೊಂದು ಆಸ್ಪತ್ರೆಗೆ ತಂದ. ಮಾವನವರನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಓಡಿದವನು ಅವನೇ. ಡಾಕ್ಟರು ಸ್ವಲ್ಪ ಮೊದಲು ಬಂದಿದ್ದರೆ ಎಂದರು. ಆ 'ಸ್ವಲ್ಪ' ಮಲಕ್‌ಪೇಟೆಯಲ್ಲಿತ್ತು. ನಾನು ಕಣ್ಣಾರೆ ನೋಡಿ ದಾಟಿ ಬಂದಿದ್ದೆ.

ದಿನೇಶ ಓಡಿಬಂದು 'ಇಷ್ಟ್ಯಾಕ ತಡ ಆತು ವೈನಿ?' ಎಂದು ಕೇಳಿದ. 'ಆಟೋದವ ಎಲ್ಲೆಲ್ಲೋ ತಿರುಗಿಸಿದಾ' ಎಂದೆ. ಅಳುವಿನಲ್ಲಿ ಬಾಯಿಗೆ ಬಂದ ಮಾತು, ಯೋಚಿಸಿ ಆಡಿದ್ದಲ್ಲ. ಆದರೆ ಯೋಚಿಸಿದ ಮೇಲೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದಕ್ಕೇನು ಹೇಳಲಿ? ಎಲ್ಲರೂ ಎಷ್ಟು ಸಲೀಸಾಗಿ ನಂಬಿದರು! ಗದಗಿಗೆ ಒಯ್ದು ಮಣ್ಣು ಮಾಡಿದಾಗಲೂ ಅದೇ ಮಾತು, ಶಿವಗಣಾರಾಧನೆಗೆ ಬಂದವರ ಬಾಯಲ್ಲೂ ಅದೇ ಮಾತು. ಬಂದವರೆಲ್ಲ ತಮಗಾದ ಆಟೋದವರ ಮೋಸ ಹೇಳಿಕೊಂಡರು. ನೀವು ನನ್ನ ಬೆನ್ನ ಮೇಲೆ ಕೈಯಿಟ್ಟು 'ನೀ ಏನ್ ಮಾಡ್ತಿದ್ದಿ ಪಾಪ' ಎಂದಿರಿ. ಆ ಕೈ ಇನ್ನೂ ಬೆನ್ನಿನ ಮೇಲಿದ್ದಂತೆ ಸುಡುತ್ತದೆ.

ಊರಿಂದ ತಿರುಗಿ ಬಂದು, ನೀವು ಕೋರ್ಬಾಕ್ಕೆ ಹೊರಡುವ ಹಿಂದಿನ ಸಂಜೆ ಆ ಆಟೋದವನು ಬಂದ. ಯಾಕೆ ಬಂದನೆಂದು ನೀವು ಕೇಳಲೇ ಇಲ್ಲ. ಆ ಗಡಿಬಿಡಿಯಲ್ಲಿ ಮಾವನವರ ಚಪ್ಪಲಿ ಆಟೋದಲ್ಲಿ ಉಳಿದಿದ್ದವು, ಒರೆಸಿ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ತಾತ ಹೇಗಿದ್ದಾರೆ ಎಂದು ನಮ್ಮ ವಾಚ್‌ಮನ್ನನ್ನು ಕೇಳುತ್ತಿದ್ದನಂತೆ, ಅವರು ತೀರಿಕೊಂಡದ್ದೂ ಅವನಿಗೆ ಗೊತ್ತಿರಲಿಲ್ಲ. ಆ ಆಟೋದವನು ಇವನೇ ಎಂದು ತಿಳಿದದ್ದೇ ದಿನೇಶ ಕಾಲರು ಹಿಡಿದ. 'ನಮ್ಮಪ್ಪನ್ನ ಕೊಂದು ಬಾಡಿಗಿ ವಸೂಲಿಗೆ ಬಂದೀ ಏನಲೇ?' ಎಂದು ನೀವು ಇಳಿದು ಹೋಗಿ ಕಪಾಳಕ್ಕೆ ಹೊಡೆದಿರಿ. ಸದ್ದು ನನಗೆ ಬಾಲ್ಕನಿಯಲ್ಲಿ ಕೇಳಿಸಿತು. ಅವನು ಕೂತುಬಿಟ್ಟ. ಒಂದು ಕೂಗು ಹಾಕಿದ್ದರೆ ಸಾಕಿತ್ತು. 'ಬಿಡ್ರಿ, ಅವನದೇನೂ ತಪ್ಪಿಲ್ಲ', ಇಷ್ಟೇ. ಸುತ್ತಲಿನ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ನಾನು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದೆ.

ನಿನ್ನೆ ಹುಬ್ಬಳ್ಳಿಯಿಂದ ನಿಮ್ಮ ಕಮಲಾಕ್ಷಿ ಅತ್ತೆ ಫೋನ್ ಮಾಡಿದ್ದರು. ಮಗಳನ್ನು ಇಲ್ಲಿ ಜಾವಾ ಕೋಚಿಂಗಿಗೆ ಸೇರಿಸಲು ಬರುತ್ತಾರಂತೆ. 'ನಿನ್ನ ಗಂಡ ಎಲ್ಲಾ ಹೇಳ್ಯಾನವಾ, ನಿಮ್ಮ ಮಾವಗ ಆದದ್ದು ಕೇಳಿದ ಮ್ಯಾಲೆ ನಾ ಯಾರನ್ನೂ ನಂಬೂದಿಲ್ಲ ಬಿಡು' ಎಂದರು. ನಿಮ್ಮ ಭಾಷಣಕ್ಕೆ ಈಗ ನಿಮ್ಮ ಅಪ್ಪನ ಸಾವೂ ಸೇರಿದೆ. ನಾಳೆ ಅವರ ಪಕ್ಕದಲ್ಲೂ ಯಾರಾದರೂ ಎದೆ ಹಿಡಿದುಕೊಂಡರೆ? ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆಸ್ಪತ್ರೆಯ ಬೋರ್ಡು ಕಂಡವಳು ನಾನು, ಭಾಷಣ ಮಾಡಿದವರು ಆಗ ಛತ್ತೀಸಗಢದಲ್ಲಿದ್ದರು. ನಾನು ಮೋಸ ಹೋಗಬಾರದೆಂದು ಮಾವನವರನ್ನು ಕಳೆದೆ. ಆಮೇಲೆ ಮರ್ಯಾದೆ ಹೋಗಬಾರದೆಂದು ಇನ್ನೊಬ್ಬನಿಗೆ ಹೊಡೆಸಿದೆ. ನನಗೆ ಎಲ್ಲಿಯೂ ದಾರಿ ಕಾಣುತ್ತಿಲ್ಲ. ರಾತ್ರಿ ದಿನೇಶನಿಗೆ ಹೇಳಿದೆ. ಅವನು ತಟ್ಟೆಯ ಮುಂದಿನಿಂದ ಎದ್ದು ಹೋದ, ಬೆಳಿಗ್ಗೆ ಚಹಾ ಕುಡಿಯದೇ ಹೊರಟ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಪಿ ಗುಳಿಗೆ ತಪ್ಪಿಸಬೇಡಿ, ನಿಮ್ಮದೂ ಮಾವನವರದೇ ರಕ್ತ. ಸಿಂಚನಾ ಪಪ್ಪನಿಗೆ ಮುತ್ತು ಕಳಿಸಿದ್ದಾಳೆ, ಬಿದ್ದ ಹಲ್ಲು ತೋರಿಸಲು ತೆಗೆದಿಟ್ಟಿದ್ದಾಳೆ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ,
ವೇದವತಿ

ಮರೆತಿದ್ದೆ ಎನ್ನಲಾರೆ, ಅಂಚೆಗೆ ಹಾಕುವ ಮೊದಲು ಇದನ್ನು ಸೇರಿಸುತ್ತಿದ್ದೇನೆ: ಇವತ್ತು ಸೋಮವಾರ, ನಮ್ಮ ವಾಚ್‌ಮನ್ನನ್ನು ಕೇಳಿಕೊಂಡು ಆ ಆಟೋದವನ ಹತ್ತಿರ ಹೋಗಿ ಬಂದೆ. ಅವನ ಹೆಸರು ಯಾದಗಿರಿ, ಸಾಯಿಬಾಬಾ ಗುಡಿಯ ಹತ್ತಿರದ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆ. ಫುಟ್‌ಪಾತಿನ ಕಡೆ ನಿಂತು ಎಲ್ಲ ಹೇಳಿದೆ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ. ಅವನು ಆಟೋದಲ್ಲಿ ಮುಂದೆ ನೋಡುತ್ತ ಕೂತಿದ್ದ, ಸಿಟ್ಟಿರಬೇಕು ಎಂದುಕೊಂಡೆ. ಆಮೇಲೆ ಪಕ್ಕದ ಆಟೋದವನು ತಟ್ಟಿ ತೋರಿಸಿದಾಗ ನನ್ನ ಕಡೆ ತಿರುಗಿ 'ಈ ಚೆವಿ ಇನಪಡದಮ್ಮಾ, ಇಟು ರಾ' ಎಂದ. ಎಡಗಿವಿ ಕೇಳಿಸುವುದಿಲ್ಲ, ಆ ಕಡೆ ಬಾ ಎಂದು ಹೇಳಿದ್ದು. ಆ ಸಂಜೆಯಿಂದ. ಹೊಡೆದದ್ದು ನೀವು, ದಿನೇಶನಲ್ಲ. ರಸ್ತೆಯ ಕಡೆಗೆ ಸುತ್ತಿ ಹೋಗಿ, ಬಸ್ಸುಗಳ ಹಾರ್ನಿನ ನಡುವೆ ಕೂಗಿ ಕೂಗಿ ಮೊದಲಿನಿಂದ ಎಲ್ಲ ಹೇಳಿದೆ. ಸ್ಟ್ಯಾಂಡಿನವರೆಲ್ಲ ಕೇಳಿದರು. ಅವನು ತಾತನಿಗಾಗಿ ಅತ್ತ. ಹಿಂದೆ ಕೂತವರು ಎಲ್ಲಿ ತಿರುಗಬೇಕೆಂದು ಹೇಳಿದ್ದು ಕೇಳಿಸದೆ ಬೈಗುಳ ತಿನ್ನುತ್ತಿದ್ದಾನೆಂದು ಪಕ್ಕದವನೇ ಹೇಳಿದ. ರಜೆ ಕೊಡುತ್ತಾರೋ ಇಲ್ಲವೋ, ನೀವು ಬನ್ನಿ. ದುಡ್ಡು ಕಳಿಸಿ ಕೈತೊಳೆದುಕೊಳ್ಳಬೇಡಿ. ಬಂದಾಗ ಅವನ ಬಲಕ್ಕೆ ನಿಂತು ಮಾತಾಡಿ.